ಮಡಿಕೆ ಬಿಚ್ಚದ ಹತ್ತು ಫಾರಂ

16 ನವೆಂಬರ್ 2024, ಶನಿವಾರ, ಮೈಸೂರು

ಅಪ್ಪನ ಪುಸ್ತಕವೊಂದನ್ನು ಪುಟ್ಟ ತನ್ನ ಮಾರಾಟದ ಪಟ್ಟಿಗೆ ಸೇರಿಸಿದ್ದಾನೆಂಬುದು ನನಗೆ ತಿಳಿದದ್ದು ಮೊನ್ನೆ ರಾತ್ರಿ. ನಾನು ಕೇಳಿದ ಕೂಡಲೇ "ತಪ್ಪಾಯಿತು ಅತ್ತೆ" ಎಂದು ತೆಗೆದುಹಾಕಿದ; ಆ ವಿಷಯ ಅಲ್ಲಿಗೇ ಮುಗಿಯಿತು. ಆದರೆ ಪುಸ್ತಕದ ಚಿತ್ರದ ಕೆಳಗೆ ಅವನು ಬರೆದಿದ್ದ ಸಾಲು ಎರಡು ದಿನಗಳಿಂದ ನನ್ನನ್ನು ಬಿಟ್ಟಿಲ್ಲ: "ಮೊದಲ ಆವೃತ್ತಿ, ಅನ್‌ಕಟ್ ಪ್ರತಿ."

ಮೊದಲ ಆವೃತ್ತಿ ಎಂದದ್ದು ಸರಿ. ಶೀರ್ಷಿಕೆಯ ಪುಟದ ಹಿಂಬದಿಯಲ್ಲಿ "ಮೊದಲನೆಯ ಮುದ್ರಣ 1951, ಪ್ರತಿಗಳು 1000, ಬೆಲೆ 1-8-0" ಎಂದಿದೆ, ಅಂದರೆ ಒಂದು ರೂಪಾಯಿ ಎಂಟಾಣೆ. ಆದರೂ ಮುದ್ರಣ ಮತ್ತು ಆವೃತ್ತಿ ಒಂದೇ ಅಲ್ಲವೆಂದು ಅವನಿಗೆ ಹೇಳದೆ ಇರಲಾಗಲಿಲ್ಲ. ಒಮ್ಮೆ ಜೋಡಿಸಿದ ಪಠ್ಯದಿಂದಲೇ ಎಷ್ಟು ಸಲ ಅಚ್ಚು ಹಾಕಿದರೂ ಅವೆಲ್ಲ ಒಂದೇ ಆವೃತ್ತಿಯ ಬೇರೆ ಬೇರೆ ಮುದ್ರಣಗಳು. ತಿದ್ದಿ, ಸೇರಿಸಿ, ಹೊಸದಾಗಿ ಜೋಡಿಸಿದರೆ ಅದು ಹೊಸ ಆವೃತ್ತಿ. ಕಿಟೆಲ್ ನಿಘಂಟನ್ನೇ ನೋಡಬಹುದು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾದದ್ದು ಒಂದು ಆವೃತ್ತಿ. ಮರಿಯಪ್ಪ ಭಟ್ಟರು ಪರಿಷ್ಕರಿಸಿ ಬೆಳೆಸಿದ, ಮದರಾಸು ವಿಶ್ವವಿದ್ಯಾನಿಲಯ ನಾಲ್ಕು ಸಂಪುಟಗಳಲ್ಲಿ ಹೊರತಂದ ನಿಘಂಟು ಇನ್ನೊಂದು ಆವೃತ್ತಿ. 1894ರ ಪುಟಗಳನ್ನೇ ಪಡಿಯಚ್ಚು ತೆಗೆದು ಈಚೆಗೆ ಮಾರುತ್ತಿರುವುದು ಎಷ್ಟು ಹೊಸದಾಗಿ ಹೊಳೆದರೂ ಮರುಮುದ್ರಣವೇ. ಇಷ್ಟನ್ನೂ ನಾನು ಬಹಳ ಖಚಿತವಾಗಿ ಹೇಳಿದೆ. ಇವತ್ತು ಸಂಜೆಯ ಹೊತ್ತಿಗೆ ಆ ಖಚಿತತೆ ಸ್ವಲ್ಪ ಕರಗಿದೆ. ಅದನ್ನು ಮುಂದೆ ಬರೆಯುತ್ತೇನೆ.

ನನ್ನನ್ನು ಕಾಡಿದ್ದು ಎರಡನೆಯ ಪದ. ಪುಸ್ತಕ ಸಂಗ್ರಹಿಸುವವರ ಲೆಕ್ಕದಲ್ಲಿ ಅನ್‌ಕಟ್ ಎಂದರೆ ಬೈಂಡರನು ಹಾಳೆಗಳ ಅಂಚನ್ನು ಕತ್ತರಿಸಿ ಸಮ ಮಾಡದೆ ಬಿಟ್ಟ ಪ್ರತಿ. ಮಡಚಿದ ಹಾಳೆಗಳ ಮಡಿಕೆಗಳನ್ನು ಯಾರೂ ಸೀಳಿಯೇ ಇಲ್ಲದಿದ್ದರೆ ಅದು ಅನ್‌ಓಪನ್ಡ್. ಅಂಚು ಕತ್ತರಿಸದ ಪುಸ್ತಕವನ್ನು ಹತ್ತು ಸಲ ಓದಿರಬಹುದು. ಮಡಿಕೆ ಸೀಳದ ಪುಸ್ತಕವನ್ನು ಓದಿರಲು ಸಾಧ್ಯವೇ ಇಲ್ಲ. ಅಪ್ಪನ ಪುಸ್ತಕ ಅನ್‌ಕಟ್ ಹೌದು, ಆದರೆ ಅಷ್ಟೇ ಹೇಳಿದರೆ ಸಾಲದು. ಅದರ ಬಹುಪಾಲು ಮಡಿಕೆಗಳು ಎಪ್ಪತ್ತಮೂರು ವರ್ಷಗಳಿಂದ ಹಾಗೆಯೇ ಮುಚ್ಚಿಕೊಂಡಿವೆ. ಆ ಪುಸ್ತಕದ ಹೆಸರನ್ನು ಅಪ್ಪ ಬದುಕಿರುವವರೆಗೂ ಪ್ರೀತಿಯಿಂದ ಹೇಳುತ್ತಿದ್ದರು. ಓದದ ಪುಸ್ತಕದ ಮೇಲೆ ಅಷ್ಟು ಪ್ರೀತಿ ಇರಲು ಹೇಗೆ ಸಾಧ್ಯವೆಂಬ ಪ್ರಶ್ನೆ ಎರಡು ರಾತ್ರಿ ನನ್ನ ನಿದ್ದೆ ಕೆಡಿಸಿತು.

ಬೆನ್ನಿನ ಬಟ್ಟೆ ಹರಿದು ಹೊಲಿಗೆ ಸಡಿಲಾಗಿದ್ದರಿಂದ ಇವತ್ತು ಅದನ್ನು ಮಂಡಿ ಮೊಹಲ್ಲಾದಲ್ಲಿ ಬೈಂಡಿಂಗ್ ಮಾಡುವ ಸಾಹೇಬರ ಬಳಿಗೆ ಒಯ್ದೆ. ಅಂಗಡಿಯ ತುಂಬ ಮೈದಾ ಅಂಟಿನ ಹುಳಿವಾಸನೆ. ಹುಳ ಹಿಡಿಯದಿರಲೆಂದು ಅದಕ್ಕೆ ಮೈಲುತುತ್ತ ಬೆರೆಸುತ್ತಾರಾದ್ದರಿಂದ ಡಬ್ಬಿಯ ಅಂಚಿನಲ್ಲಿ ಅಂಟು ತಿಳಿನೀಲಿಯಾಗಿ ಒಣಗಿತ್ತು. ಸಾಹೇಬರು ಪುಸ್ತಕವನ್ನು ತೆರೆಯಲಿಲ್ಲ. ಅಂಗೈಯಲ್ಲಿಟ್ಟು ತಲೆಯ ಅಂಚಿನ ಮೇಲೆ ಹೆಬ್ಬೆರಳನ್ನು ಮೆಲ್ಲಗೆ ಎಳೆದರು, ಒಂದೆರಡು ಕಡೆ ಬೆರಳು ನಿಂತಿತು, ಮತ್ತೆ ಮುಂದೆ ಹೋಯಿತು.

"ಇದರ ಮಡಿಕೇನೇ ಬಿಚ್ಚಿಲ್ಲವಲ್ಲಮ್ಮಾ! ಎರಡು ಫಾರಂ ಮಾತ್ರ ಬಿಚ್ಚಿದ್ದಾರೆ. ಕಟಿಂಗಿಗೆ ಹಾಕಿದರೆ ಒಂದೇ ಏಟಿಗೆ ಎಲ್ಲಾ ಬಿಚ್ಚಿಕೊಳ್ಳುತ್ತೆ. ಹಾಕಲಾ?"

ಮಡಿಕೆ ಬಿಚ್ಚದ ಪುಸ್ತಕ. ನಾನು ಎರಡು ದಿನಗಳಿಂದ ಹುಡುಕುತ್ತಿದ್ದ ಕನ್ನಡ ಪದ ಅವರ ಬಾಯಲ್ಲಿ ಸಲೀಸಾಗಿ ಬಂದಿತ್ತು. ನನಗೆ ಎಷ್ಟು ಸಂತೋಷವಾಯಿತೆಂದರೆ ಅವರ ಪ್ರಶ್ನೆಗೆ ಉತ್ತರ ಕೊಡುವುದನ್ನೇ ಮರೆತು, ಫಾರಮಿಗೆ (ಮಡಚಿ ಒಟ್ಟಿಗೆ ಹೊಲಿಯುವ ಒಂದು ಅಚ್ಚಿನ ಹಾಳೆಗೆ) ನಿಮ್ಮ ತಂದೆಯವರು ಏನನ್ನುತ್ತಿದ್ದರು ಎಂದು ಕೇಳಿದೆ. "ಜುಜ್ ಅನ್ನೋರು. ಫಾರಂ ಫಾರಂ ಸೇರಿಸಿ ಹೊಲಿಯೋದಕ್ಕೆ ಜುಜ್‌ಬಂದಿ. ಈಗ ಯಾರು ಹೊಲಿಸ್ತಾರಮ್ಮಾ? ಬೆನ್ನು ಕತ್ತರಿಸಿ ಬಿಸಿ ಗಮ್ಮು ಹಾಕಿ ಅಂಟಿಸಿಬಿಡ್ತಾರೆ, ಹೆಸರು ಮಾತ್ರ ಪರ್ಫೆಕ್ಟ್ ಬೈಂಡಿಂಗ್."

ಆಮೇಲೆ ಅವರು ಒಂದು ಹಾಳೆ ತೆಗೆದುಕೊಂಡು ನನಗೆ ಗೊತ್ತಿದ್ದದ್ದನ್ನೇ ಇನ್ನೊಮ್ಮೆ ತೋರಿಸಿದರು. ಮೂರು ಸಲ ಮಡಚಿದರೆ ಎಂಟು ಎಲೆ, ಹದಿನಾರು ಪುಟ. ಪುಸ್ತಕದ ಅಳತೆಯನ್ನು ಡೆಮಿ 1/8 ಎನ್ನುವಾಗಿನ ಎಂಟು ಈ ಎಂಟೇ. ಹೊಲಿಗೆ ಬೀಳುವ ಮಡಿಕೆ ಒಂದು ಕಡೆ, ಸೀಳಬೇಕಾದ ಮಡಿಕೆಗಳು ತಲೆಯ ಕಡೆಯೂ ಹೊರ ಅಂಚಿನ ಕಡೆಯೂ. ಅಪ್ಪನ ಪುಸ್ತಕದಲ್ಲಿ 192 ಪುಟಗಳು, ಹನ್ನೆರಡು ಫಾರಂ. ಬಿಚ್ಚಿರುವುದು ಎರಡನೆಯದು ಮತ್ತು ಐದನೆಯದು. ಮೊದಲನೆಯದನ್ನೂ ಬಿಚ್ಚಿಲ್ಲವೆಂಬುದನ್ನು ನಾನು ಅಲ್ಲಿಯವರೆಗೆ ಗಮನಿಸಿರಲಿಲ್ಲ. ಓದಲು ಕುಳಿತವರು ಯಾರಾದರೂ ಎರಡನೆಯ ಫಾರಮಿನಿಂದ ಆರಂಭಿಸುತ್ತಾರೆಯೇ?

ಸಾಹೇಬರು ಪುಸ್ತಕದ ಕೊನೆಗೆ ತಿರುಗಿಸಿದರು. ಅಲ್ಲಿ ಒಪ್ಪೋಲೆ ಇತ್ತು. (ಓಲೆಯ ಮೇಲೆ ಬರೆಯುವುದು ನಿಂತು ಎಷ್ಟೋ ಕಾಲವಾದರೂ ಅಚ್ಚಿನ ತಪ್ಪು ತಿದ್ದುವ ಚೀಟಿಯನ್ನು ನಾವು ಓಲೆ ಎಂದೇ ಕರೆಯುತ್ತೇವೆ. ನನಗೆ ಇದು ಬಹಳ ಇಷ್ಟ.) ಬೆರಳಗಲದ ತುಂಡು ಕಾಗದದಲ್ಲಿ ಮೂರೇ ತಪ್ಪುಗಳು: 23ನೆಯ ಪುಟ, 71ನೆಯ ಪುಟ, 74ನೆಯ ಪುಟ. 17ರಿಂದ 32ರವರೆಗೆ ಎರಡನೆಯ ಫಾರಂ. 65ರಿಂದ 80ರವರೆಗೆ ಐದನೆಯದು. ನಾನು ಅಲ್ಲೇ ಸ್ಟೂಲಿನ ಮೇಲೆ ಕುಳಿತುಬಿಟ್ಟೆ.

1951ರಲ್ಲಿ ಅಪ್ಪ ಸಂತೇಪೇಟೆಯ ಅಚ್ಚುಕೂಟವೊಂದರಲ್ಲಿ ಕರಡು ತಿದ್ದುತ್ತಿದ್ದರು. ಈ ಪುಸ್ತಕವನ್ನು ಅವರು ಒದ್ದೆ ಕರಡಿನಲ್ಲಿ, ಒಂದೊಂದೇ ಫಾರಮಿನಂತೆ, ಯಾವ ಓದುಗರಿಗಿಂತಲೂ ಮೊದಲು, ಬಹುಶಃ ಎರಡೆರಡು ಸಲ ಓದಿದ್ದರು. ಮನೆಗೆ ಬಂದದ್ದು ಗೌರವ ಪ್ರತಿ. ಅದರಲ್ಲಿ ತಮ್ಮ ಕಣ್ಣು ತಪ್ಪಿಸಿಕೊಂಡಿದ್ದ ಮೂರು ಅಕ್ಷರಗಳಿದ್ದ ಎರಡು ಫಾರಂಗಳನ್ನು ಮಾತ್ರ ಅಡಿಪಟ್ಟಿಯಿಂದ ಬಿಚ್ಚಿ (ಅಂಚಿನಲ್ಲಿ ನಾರು ನಾರಾಗಿ ಎದ್ದಿರುವ ಕಾಗದ ಹಾಗೆ ಹೇಳುತ್ತದೆ), ಪೆನ್ಸಿಲಿನಿಂದ ಸರಿಪಡಿಸಿ, ಮುಚ್ಚಿಟ್ಟಿದ್ದಾರೆ. ಮೂರೂ ಕಡೆ ಅವರ ಕೈಯ ಸಣ್ಣ ಗೀಟು ಇದೆ. ಎರಡು ರಾತ್ರಿ ಅವರ ಬಗ್ಗೆ ಏನೇನೋ ಯೋಚಿಸಿದ್ದಕ್ಕೆ ನನಗೆ ನಾಚಿಕೆಯಾಯಿತು.

ಆವೃತ್ತಿಯ ಮಾತು ಕರಗಿದ್ದೂ ಅಲ್ಲಿಯೇ. ಸಣ್ಣ ಅಚ್ಚುಕೂಟಗಳಲ್ಲಿ ಮೊಳೆ, ಅಂದರೆ ಅಚ್ಚಿನ ಬಿಡಿ ಅಕ್ಷರಗಳು, ಸಾಕಷ್ಟು ಇರುತ್ತಿರಲಿಲ್ಲ ಎಂದು ಅಪ್ಪ ಹೇಳುತ್ತಿದ್ದುದು ನೆನಪಾಯಿತು. ಒಂದೆರಡು ಫಾರಮಿಗೆ ಆಗುವಷ್ಟು ಜೋಡಿಸಿ, ಸಾವಿರ ಪ್ರತಿ ಒತ್ತಿ, ಮೊಳೆಗಳನ್ನೆಲ್ಲ ಬಿಚ್ಚಿ ಖಾನೆಗಳಿಗೆ ಹಂಚಿದ ಮೇಲೆಯೇ ಮುಂದಿನ ಫಾರಮಿನ ಜೋಡಣೆ. ಆದ್ದರಿಂದಲೇ ಒತ್ತಿದ ಮೇಲೆ ಕಂಡ ತಪ್ಪಿಗೆ ಒಪ್ಪೋಲೆಯೊಂದೇ ಗತಿ. ಆದ್ದರಿಂದಲೇ ಎರಡನೆಯ ಮುದ್ರಣವೆಂದರೆ ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಮರುಜೋಡಣೆ, ಹಳೆಯ ತಪ್ಪು ಹೋಗಿ ಹೊಸ ತಪ್ಪು ಬರುವ ಅವಕಾಶ. ಸಂಗ್ರಾಹಕರ ಲೆಕ್ಕದಲ್ಲಿ ಅಂತಹ ಪ್ರತಿಯೊಂದು ಮುದ್ರಣವೂ ಒಂದು ಆವೃತ್ತಿಯೇ ಆಗುತ್ತದೆ. ನಮ್ಮ ಹಿರಿಯರು ಎರಡು ಪದಗಳನ್ನು ಬೆರೆಸಿ ಬಳಸಿದ್ದು ಅಜಾಗರೂಕತೆಯಿಂದಲ್ಲ. ಅವರ ಅಚ್ಚುಕೂಟದಲ್ಲಿ ಆ ಎರಡೂ ಒಂದೇ ಆಗಿದ್ದವು. ಇದನ್ನು ಪುಟ್ಟನಿಗೆ ಹೇಳಿ, ಮೊನ್ನೆ ಕೊಟ್ಟ ಪಾಠವನ್ನು ತಿದ್ದಬೇಕು.

ಕಟಿಂಗ್ ಬೇಡವೆಂದೆ. ಹೊಲಿಗೆ ಬಿಗಿ ಮಾಡಿ ಬೆನ್ನಿಗೆ ಹೊಸ ಕ್ಯಾಲಿಕೋ ಬಟ್ಟೆ ಹಾಕಿದರೆ ಸಾಕು, ಹಳೆಯ ರಟ್ಟೇ ಇರಲಿ. ಸೋಮವಾರ ತರುತ್ತೇನೆಂದು ಹೇಳಿ ಪುಸ್ತಕವನ್ನು ವಾಪಸು ತಂದೆ. ಎರಡು ರಾತ್ರಿಯ ಮಟ್ಟಿಗೆ ಅದು ಮನೆಯಲ್ಲಿರಲಿ ಎನ್ನಿಸಿತು. ಹೊರಡುವಾಗ ಸಾಹೇಬರು ಮಡಿಕೆ ಒತ್ತುವ ಮೂಳೆಪಟ್ಟಿಯನ್ನು ಕಾಗದದಲ್ಲಿ ಸುತ್ತಿ ಕೊಟ್ಟರು. "ಬಿಚ್ಚಲೇಬೇಕು ಅನ್ನಿಸಿದರೆ ಇದರಲ್ಲಿ ಬಿಚ್ಚಿ. ಹರಿತವಾದ ಚಾಕು ಮಡಿಕೆ ಬಿಟ್ಟು ಪುಟದೊಳಗೆ ಓಡಿಬಿಡುತ್ತೆ."

ಈಗ ರಾತ್ರಿ ಹತ್ತೂಮುಕ್ಕಾಲು. ಮೂಳೆಪಟ್ಟಿ ಮೇಜಿನ ಮೇಲಿದೆ. ಮೂರನೆಯ ಫಾರಮಿನ ಎಲೆಗಳನ್ನು ಕೊಳವೆಯಂತೆ ಉಬ್ಬಿಸಿ ಕೆಳಗಿನಿಂದ ಟಾರ್ಚ್ ಹಿಡಿದು ನೋಡಿದೆ. 43ನೆಯ ಪುಟದ ಕೆಳಗಿನ ನಾಲ್ಕೈದು ಸಾಲುಗಳು ಸ್ಪಷ್ಟವಾಗಿ ಕಾಣುತ್ತವೆ. ಕೊನೆಯಿಂದ ಎರಡನೆಯ ಸಾಲಿನಲ್ಲಿ "ಅರ್ಥ" ಎಂದಿರಬೇಕಾದಲ್ಲಿ "ಅರ್ಧ" ಎಂದು ಬಿದ್ದಿದೆ. ಇದು ಒಪ್ಪೋಲೆಯಲ್ಲಿಲ್ಲ. ಅಪ್ಪನಿಗೆ ಕೊನೆಯವರೆಗೂ ಗೊತ್ತಾಗಿರಲಾರದು. ಪೆನ್ಸಿಲ್ ಹಿಡಿದುಕೊಂಡೇ ಕುಳಿತಿದ್ದೇನೆ, ಆದರೆ ಅಲ್ಲಿ ಒಂದು ಗೀಟು ಹಾಕಬೇಕಾದರೂ ಮೊದಲು ಮಡಿಕೆಯನ್ನು