ಹಳೆಯ ವೆಬರ್ ಕೆಟಲ್‌ನಲ್ಲಿ ಮತ್ತೆ ಕೆಂಡ

ಏಪ್ರಿಲ್ 12

ಮಿಶಿಗನ್ ರಾಜ್ಯದ ಆನ್ ಆರ್ಬರ್‌ನಲ್ಲಿ ನಮ್ಮ ಬೀದಿಯ ಕೊನೆಯ ಮನೆಯಲ್ಲಿದ್ದ ಹಿರಿಯ ದಂಪತಿ ಮನೆ ಮಾರಿ ಮಗಳ ಊರಿಗೆ ಹೊರಟಾಗ, ಹಿತ್ತಿಲ ಬೇಲಿಯ ಪಕ್ಕದಲ್ಲಿ ಅನೇಕ ಚಳಿಗಾಲಗಳ ಹಿಮವನ್ನು ಹೊತ್ತು ನಿಂತಿದ್ದ ತಮ್ಮ ವೆಬರ್ ಕೆಟಲ್ ಗ್ರಿಲ್ಲನ್ನು ನನಗೆ ಕೊಟ್ಟುಹೋದರು. ಅದು 22.5 ಇಂಚು ಅಗಲದ, ಕಂದು ಬಣ್ಣದ, ಮೂರು ಕಾಲಿನ ಇದ್ದಿಲ ಒಲೆ. ಮುಚ್ಚಳದ ಒಳಮೈಯಿಂದ ಕಪ್ಪು ಪದರಗಳು ಒಣಗಿದ ಎಲೆಗಳಂತೆ ಎದ್ದು ನೇತಾಡುತ್ತಿದ್ದುದನ್ನು ತೋರಿಸಿ, ಬಣ್ಣವೆಲ್ಲ ಹೋಗಿದೆ, ಇನ್ನು ಹೆಚ್ಚು ದಿನ ಬಾಳಲಾರದು ಎಂದು ಆ ಹಿರಿಯರು ಸಂಕೋಚದಿಂದ ಹೇಳಿದರು.

ಹಾಗೆ ತೋರುವುದು ಸಹಜವಾದರೂ ಅದು ಬಣ್ಣವಲ್ಲ. ಈ ಒಲೆಯ ಒಳಗೂ ಹೊರಗೂ ಇರುವುದು ಪಿಂಗಾಣಿ ಎನಾಮೆಲ್, ಅಂದರೆ ಉಕ್ಕಿನ ಮೇಲೆ ಗಾಜಿನ ಪುಡಿಯನ್ನು ಹಚ್ಚಿ ಸುಮಾರು 800 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಕರಗಿಸಿ ಬೆಸೆದ ಲೇಪ. ಪೆಟ್ಟು ಬಿದ್ದರೆ ಅದು ಚಕ್ಕೆಯೇಳುತ್ತದೆಯೇ ಹೊರತು ಹಾಳೆಯಂತೆ ಸುಲಿಯುವುದಿಲ್ಲ. ಸುಲಿಯುತ್ತಿದ್ದುದು ವರ್ಷಗಳ ಕೊಬ್ಬಿನ ಆವಿಯೂ ಹೊಗೆಯೂ ಸೇರಿ ಗಟ್ಟಿಯಾದ ಕರಕಲು. ಇದನ್ನು ತಿಳಿಯದೆ ಎಷ್ಟೋ ಗಟ್ಟಿಮುಟ್ಟಾದ ಒಲೆಗಳು ಗುಜರಿಗೆ ಹೋಗುತ್ತವೆ ಎಂಬುದು ನನಗೆ ನಿಜವಾಗಿಯೂ ಬೇಸರದ ಸಂಗತಿ.

ಈ ಒಲೆ ಹುಟ್ಟಿದ ಬಗೆಯನ್ನು ಇಲ್ಲಿ ಬರೆದಿಡಬೇಕು, ಏಕೆಂದರೆ ದುರಸ್ತಿಯ ದಾರಿ ಅದರಲ್ಲೇ ಇದೆ. ಶಿಕಾಗೋದ ವೆಬರ್ ಬ್ರದರ್ಸ್ ಮೆಟಲ್ ವರ್ಕ್ಸ್ ಎಂಬ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಜಾರ್ಜ್ ಸ್ಟೀಫನ್, ಗಾಳಿ ಬೂದಿಗಳಿಂದ ಅಡುಗೆ ಕೆಡಿಸುತ್ತಿದ್ದ ತನ್ನ ತೆರೆದ ಒಲೆಯಿಂದ ಬೇಸತ್ತು, 1952ರಲ್ಲಿ ಅಲ್ಲಿ ತಯಾರಾಗುತ್ತಿದ್ದ ನೀರಿನ ತೇಲುಬುರುಡೆಯ ಉಕ್ಕಿನ ಅರೆಗೋಳಗಳಿಂದ ಒಂದನ್ನು ಬೋಗುಣಿಯಾಗಿಯೂ ಇನ್ನೊಂದನ್ನು ಮುಚ್ಚಳವಾಗಿಯೂ ಮಾಡಿಕೊಂಡ. ಮುಚ್ಚಳ ಹಾಕಿದೊಡನೆ ಬೆಂಕಿ ನಂದತೊಡಗಿದ್ದರಿಂದ ಗಾಳಿಗೆಂದು ರಂಧ್ರ ಕೊರೆದನೆಂಬ ಕಥೆಯೂ ಬಳಕೆಯಲ್ಲಿದೆ. ಅಂದರೆ ಇದರ ಜೀವ ಇರುವುದು ಮುಚ್ಚಳದಲ್ಲಿ ಮತ್ತು ಗಾಳಿಕಿಂಡಿಗಳಲ್ಲಿ. ಹೊಳಪು ಆಮೇಲಿನ ಮಾತು.

ಏಪ್ರಿಲ್ 19

ಇಡೀ ದಿನ ಉಜ್ಜುವುದರಲ್ಲೇ ಕಳೆಯಿತು. ಮುಚ್ಚಳದ ಒಳಗಿನ ಕರಕಲನ್ನು ಪ್ಲಾಸ್ಟಿಕ್ಕಿನ ಹೆರೆಮಣೆಯಂಥ ಪಟ್ಟಿಯಿಂದ ಕೆರೆದಾಗ ದೊಡ್ಡ ದೊಡ್ಡ ಹಪ್ಪಳಗಳಾಗಿ ಉದುರಿತು. ಉಳಿದದ್ದನ್ನು ಬಿಸಿನೀರು, ಪಾತ್ರೆ ತೊಳೆಯುವ ಸಾಬೂನು ಮತ್ತು ಮುದ್ದೆ ಮಾಡಿದ ಅಲ್ಯೂಮಿನಿಯಂ ಹಾಳೆಯಿಂದ ತಿಕ್ಕಿದೆ. ಬೋಗುಣಿಯ ತಳದಲ್ಲಿ ಹಳೆಯ ಬೂದಿ ಮಳೆನೀರಿನೊಂದಿಗೆ ಸೇರಿ ಸಿಮೆಂಟಿನಂತೆ ಕಚ್ಚಿಕೊಂಡಿತ್ತು. ಅಲ್ಲಿಗೆ ಮಾತ್ರ ಓವನ್ ತೊಳೆಯುವ ನೊರೆಯನ್ನು ಬಳಸಿದೆ. ಆ ನೊರೆಯಲ್ಲಿರುವ ಕ್ಷಾರವು ಅಲ್ಯೂಮಿನಿಯಂ ಅನ್ನು ತಿನ್ನುವುದರಿಂದ ಕೆಳಗಿನ ಬೂದಿತಟ್ಟೆಯನ್ನು ಮೊದಲೇ ಬಿಚ್ಚಿಟ್ಟು, ಮುಚ್ಚಳದ ಕಿಂಡಿಯ ಹತ್ತಿರಕ್ಕೆ ಅದನ್ನು ಒಯ್ಯದೆ, ಕೈಗೆ ರಬ್ಬರ್ ಗವಸು, ಕಣ್ಣಿಗೆ ಕನ್ನಡಕ ಹಾಕಿಕೊಂಡು ಅಂಗಳದಲ್ಲೇ ಕೆಲಸ ಮಾಡಿದೆ.

ತುಕ್ಕು ಹಿಡಿದ ಇದ್ದಿಲ ಜಾಲರಿಯನ್ನು ವಿನೆಗರ್‌ನಲ್ಲಿ ಒಂದು ರಾತ್ರಿ ನೆನೆಸಿ ಬೆಳಿಗ್ಗೆ ಉಜ್ಜಿ ಒಣಗಿಸುವ ಯೋಚನೆ. ಅಡುಗೆಯ ಜಾಲರಿ ಮಾತ್ರ ಎರಡು ಕಡೆ ಬೆಸುಗೆ ಬಿಟ್ಟಿದೆ, ಹೊಸದು ತರಬೇಕು.

ಏಪ್ರಿಲ್ 27

ಮುಚ್ಚಳದ ಮರದ ಹಿಡಿಕೆ ಬೂದುಬಣ್ಣಕ್ಕೆ ತಿರುಗಿ ಸೀಳುಬಿಟ್ಟಿತ್ತಾದರೂ ಒಳತಿರುಳು ಗಟ್ಟಿಯಾಗಿತ್ತು. ಮರಳುಕಾಗದದಿಂದ ಮೊದಲು ಒರಟಾಗಿ, ಆಮೇಲೆ ನಯವಾಗಿ ತೀಡಿ, ಅಗಸೆ ಎಣ್ಣೆಯನ್ನು ಮೂರು ಸಲ ತೆಳ್ಳಗೆ ಸವರಿದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಎಸೆಯಬಾರದು. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯಾದ ಬಟ್ಟೆಯಲ್ಲಿ ಆ ಬಿಸಿ ಹೊರಹೋಗಲಾರದೆ ತಾನಾಗಿ ಬೆಂಕಿ ಹತ್ತಬಹುದು. ಆದ್ದರಿಂದ ಅದನ್ನು ಬೇಲಿಯ ಮೇಲೆ ಹರವಿ ಪೂರ್ತಿ ಒಣಗಿಸಿದ ಮೇಲೆಯೇ ಕಸಕ್ಕೆ ಹಾಕಿದೆ.

ಮುಚ್ಚಳ ಒಂದು ಬದಿಯಲ್ಲಿ ಬೋಗುಣಿಯ ಮೇಲೆ ಸರಿಯಾಗಿ ಕೂರುತ್ತಿರಲಿಲ್ಲ. ಹಿಂದೆ ಎಂದೋ ಬಿದ್ದು ಅಂಚು ಸ್ವಲ್ಪ ಒಳಕ್ಕೆ ಬಾಗಿರಬೇಕು. ಅದನ್ನು ಇಕ್ಕಳದಿಂದ ಹಿಡಿದು ಎಳೆದದ್ದು ನನ್ನ ತಪ್ಪು. ಟಪ್ ಎಂಬ ಸದ್ದಿನೊಂದಿಗೆ ಹೆಬ್ಬೆರಳ ಉಗುರಿನಷ್ಟು ಎನಾಮೆಲ್ ಚಕ್ಕೆಯೆದ್ದು ಹಾರಿತು. ಉಕ್ಕು ಬಾಗುತ್ತದೆ, ಆದರೆ ಅದರ ಮೇಲಿನ ಗಾಜು ಬಾಗುವುದಿಲ್ಲ ಎಂಬುದು ಗೊತ್ತಿದ್ದೂ ಅವಸರಪಟ್ಟೆ. ಉಳಿದ ಬಾಗನ್ನು ಮುಚ್ಚಳವನ್ನು ಮಂಡಿಗಳ ನಡುವೆ ಇಟ್ಟುಕೊಂಡು ಅಂಗೈಯಿಂದ ಮೆಲ್ಲಮೆಲ್ಲಗೆ ಒತ್ತಿ ಬಹುಮಟ್ಟಿಗೆ ಸರಿಮಾಡಿದೆ. ಗಾಯವಾದ ಜಾಗವನ್ನು ತೀಡಿ, ಹೊರಮೈಗೆ ಕಾವು ತಡೆಯುವ ಬಣ್ಣವನ್ನು ಹಚ್ಚಿದೆ. ಒಳಗೆ ಯಾವ ಬಣ್ಣವೂ ಬೇಡ, ಅಡುಗೆ ಎಣ್ಣೆಯ ಪಸೆ ಸಾಕು.

ಮೇ 4

ಮೊದಲ ಬೆಂಕಿ. ಇದ್ದಿಲು ಹೊತ್ತಿಸಿಕೊಳ್ಳುವ ತಗಡಿನ ಕೊಳವೆಯಾದ ಚಿಮಣಿಯ ತುಂಬ, ಎಣಿಸಿದಂತೆ 80 ಇದ್ದಿಲ ಬಿಲ್ಲೆಗಳನ್ನು ಹೊತ್ತಿಸಿ ಒಂದೇ ಬದಿಗೆ ಸುರಿದು, ಆಹಾರವೇನನ್ನೂ ಇಡದೆ, ಜಾಲರಿಯ ಮಟ್ಟದಲ್ಲಿ ಉಷ್ಣಮಾಪಕವನ್ನು ಸಿಕ್ಕಿಸಿ ಮುಚ್ಚಿದೆ. ಮೇಲಿನ ಮತ್ತು ಕೆಳಗಿನ ಕಿಂಡಿಗಳು ಪೂರ್ತಿ ತೆರೆದಿದ್ದಾಗ ಕಾವು 230 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಅಲ್ಲಿಯವರೆಗೆ ಎಲ್ಲವೂ ಸರಿ. ಆದರೆ ಕೆಳಗಿನ ಕಿಂಡಿಗಳನ್ನು ಅರ್ಧ ಮುಚ್ಚಿ ಅರ್ಧ ಗಂಟೆ ಕಾದರೂ ಮುಳ್ಳು 215ರ ಕೆಳಗೆ ಇಳಿಯಲಿಲ್ಲ. ಕೊನೆಗೆ ಎಲ್ಲ ಕಿಂಡಿಗಳನ್ನೂ ಮುಚ್ಚಿ ಮಲಗಿದೆ. ಬೆಳಿಗ್ಗೆ ನೋಡಿದರೆ ಒಳಗೆ ಒಂದು ಬಿಲ್ಲೆಯೂ ಉಳಿದಿರಲಿಲ್ಲ, ಬರೀ ಬೂದಿ.

ಗಾಳಿ ಎಲ್ಲಿಂದಲೋ ಒಳಬರುತ್ತಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿರಲಿಲ್ಲ. ರಾತ್ರಿ ದೀಪವಾರಿಸಿದ ಗ್ಯಾರೇಜಿನಲ್ಲಿ, ಬೂದಿತಟ್ಟೆಯನ್ನು ತೆಗೆದು, ತಣ್ಣಗಿನ ಬೋಗುಣಿಯೊಳಗೆ ಟಾರ್ಚ್ ಇಟ್ಟು ಕಿಂಡಿಗಳನ್ನು ಮುಚ್ಚಿ ನೋಡಿದಾಗ ಕೆಳಗಿನ ಮೂರು ಕಿಂಡಿಗಳಲ್ಲಿ ಎರಡರಿಂದ ಬಿದಿಗೆ ಚಂದ್ರನಂಥ ಬೆಳಕಿನ ಗೆರೆಗಳು ನೆಲದ ಮೇಲೆ ಬಿದ್ದವು. ಈ ಒಲೆಯಲ್ಲಿ ಒಂದೇ ಹಿಡಿಕೆಯನ್ನು ತಿರುಗಿಸಿದರೆ ಮೂರು ರೆಕ್ಕೆಗಳು ತಳದ ಮೇಲೆ ಸರಿದು ಬೂದಿಯನ್ನು ಗುಡಿಸಿ ಕೆಳಕ್ಕೆ ಬೀಳಿಸುತ್ತವೆ, ಕಿಂಡಿಯನ್ನೂ ಅವೇ ಮುಚ್ಚುತ್ತವೆ. ಆ ರೆಕ್ಕೆಗಳು ತುಕ್ಕಿನಿಂದ ಸವೆದು ಕಾಗದದಂತಾಗಿ ಸುರುಟಿಕೊಂಡಿದ್ದವು. ನಾನು ಮೂರು ವಾರ ಹೊಳಪಿನ ಹಿಂದೆ ಬಿದ್ದು, ಮೊದಲ ದಿನವೇ ನೋಡಬೇಕಾಗಿದ್ದ ಭಾಗವನ್ನು ಕೊನೆಗೆ ನೋಡಿದೆ.

ಮೇ 10

ಇದೇ ಅಳತೆಯ ಒಲೆಗೆ ಹೊಂದುವ ಹೊಸ ರೆಕ್ಕೆಗಳೂ ಹಿಡಿಕೆಯೂ ಬಿಡಿಭಾಗವಾಗಿ ದೊರೆಯುತ್ತವೆ. ತಂದು ಕೂರಿಸಿದೆ. ಹಳೆಯ ತಿರುಪುಗಳ ಬದಲು ಸ್ಟೇನ್‌ಲೆಸ್ ಸ್ಟೀಲಿನವನ್ನೇ ಹಾಕಿದೆ. ಸತುವಿನ ಲೇಪವಿರುವ ಮೊಳೆ, ತಿರುಪುಗಳನ್ನು ಕೆಂಡದ ಹತ್ತಿರ ಇಡಬಾರದು, ಅತಿಯಾಗಿ ಕಾದ ಸತುವಿನ ಹೊಗೆ ಜ್ವರ ತರಿಸುತ್ತದೆ. ಟಾರ್ಚಿನ ಪರೀಕ್ಷೆಯಲ್ಲಿ ಈಗ ಕತ್ತಲೆ ಕತ್ತಲೆಯಾಗಿಯೇ ಉಳಿಯಿತು.

ಮೇ 11

ಹಿಂದಿನಂತೆಯೇ 80 ಬಿಲ್ಲೆಗಳು. ಕೆಳಗಿನ ಕಿಂಡಿಯನ್ನು ಅರ್ಧಕ್ಕೆ ತಂದ ಇಪ್ಪತ್ತು ನಿಮಿಷಗಳಲ್ಲಿ ಕಾವು 230ರಿಂದ 180ಕ್ಕೆ ಇಳಿದು ಅಲ್ಲೇ ನಿಂತಿತು. ಒಂದು ಗಂಟೆಯ ನಂತರ ಎಲ್ಲವನ್ನೂ ಮುಚ್ಚಿದೆ. ಬೆಳಿಗ್ಗೆ ಎಣಿಸಿದಾಗ ಅರೆಬೆಂದ 37 ಬಿಲ್ಲೆಗಳು ಉಳಿದಿದ್ದವು. ಹೊಳೆಯುವ ಮುಚ್ಚಳಕ್ಕಿಂತ ಈ 37 ಎಂಬ ಅಂಕಿ ನನಗೆ ಹೆಚ್ಚು ಸಂತೋಷ ಕೊಟ್ಟಿತು.

ಮಲೆನಾಡಿನ ನಮ್ಮ ಮನೆಯಲ್ಲಿ ಅಮ್ಮ ರಾತ್ರಿ ಮಲಗುವ ಮೊದಲು ಬಚ್ಚಲೊಲೆಯ ಕೆಂಡಕ್ಕೆ ಬೂದಿ ಮುಚ್ಚುತ್ತಿದ್ದರು. ಬೆಳಿಗ್ಗೆ ಬೂದಿ ಸರಿಸಿ ಒಂದು ಹಿಡಿ ತರಗೆಲೆ ಇಟ್ಟು ಊದಿದರೆ ಹಂಡೆಯ ನೀರು ಕಾಯಲು ಬೆಂಕಿ ಸಿದ್ಧ. ಬೂದಿ ಅಲ್ಲಿ ಮಾಡುತ್ತಿದ್ದ ಕೆಲಸವನ್ನೇ ಇಲ್ಲಿ ರೆಕ್ಕೆಗಳು ಮಾಡುತ್ತವೆ: ಗಾಳಿಯನ್ನು ಬೇಕಾದಷ್ಟೇ ಬಿಡುವುದು.

ಮೇ 17

ಮೊದಲ ಅಡುಗೆ. ಕೆಂಡವೆಲ್ಲ ಒಂದು ಬದಿಗೆ, ಇನ್ನೊಂದು ಬದಿ ಖಾಲಿ. ನೇರ ಕೆಂಡದ ಮೇಲೆ ಮೂರು ದಪ್ಪ ಬದನೆಕಾಯಿಗಳನ್ನು ಸಿಪ್ಪೆ ಕರಿದಾಗಿ ಬಿರಿಯುವವರೆಗೆ ತಿರುಗಿಸುತ್ತ ಸುಟ್ಟು, ಆಮೇಲೆ ಖಾಲಿ ಬದಿಗೆ ಸರಿಸಿ ಮುಚ್ಚಳ ಹಾಕಿ ಹದಿನೈದು ನಿಮಿಷ ಬಿಟ್ಟೆ. ಈ ಎರಡನೆಯ ಹಂತ ಗ್ಯಾಸಿನ ಒಲೆಯ ಮೇಲೆ ಸಾಧ್ಯವಿಲ್ಲ. ಹೊಗೆ ಒಳಗೇ ಸುತ್ತಿ ತಿರುಳಿನ ತನಕ ಇಳಿಯುತ್ತದೆ. ಸಿಪ್ಪೆ ಸುಲಿದು, ಹುಣಸೆರಸ, ಬೆಲ್ಲ, ಹಸಿಮೆಣಸು, ಉಪ್ಪು ಸೇರಿಸಿ ಕಿವುಚಿ, ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಕೊಟ್ಟಾಗ ಸುಟ್ಟ ಬದನೆಕಾಯಿ ಗೊಜ್ಜಿನ ವಾಸನೆಗೆ ಮಗಳು ಮೇಲಿನ ಕೋಣೆಯಿಂದ ಇಳಿದುಬಂದಳು. 'ಅಪ್ಪಾ, ಇದು ಅಜ್ಜಿ ಮನೆಯ ವಾಸನೆ' ಎಂದಳು.

ಕೋಳಿಯ ತೊಡೆಗಳನ್ನು ಇದಕ್ಕೆ ವಿರುದ್ಧವಾದ ಕ್ರಮದಲ್ಲಿ ಬೇಯಿಸಿದೆ. ಕಾಳುಮೆಣಸು, ಬೆಳ್ಳುಳ್ಳಿ, ಅರಿಸಿನ, ನಿಂಬೆರಸ ಹಚ್ಚಿ ಮೂರು ಗಂಟೆ ಇಟ್ಟ ತೊಡೆಗಳು ಮೊದಲು ಖಾಲಿ ಬದಿಯಲ್ಲಿ, ಮುಚ್ಚಳದ ಕಿಂಡಿ ಮಾಂಸದ ನೇರ ಮೇಲೆ ಬರುವಂತೆ ಮುಚ್ಚಿ, ಸುಮಾರು ನಲವತ್ತು ನಿಮಿಷ ಬೆಂದವು. ಹೀಗಿಟ್ಟರೆ ಹೊಗೆ ಕೆಂಡದಿಂದ ಹೊರಟು ಮಾಂಸವನ್ನು ದಾಟಿಯೇ ಹೊರಹೋಗಬೇಕಾಗುತ್ತದೆ. ಕೊನೆಯ ನಾಲ್ಕು ನಿಮಿಷ ಚರ್ಮ ಗರಿಯಾಗಲೆಂದು ಕೆಂಡದ ಮೇಲೆ. ಕೋಳಿಯ ಒಳಗಿನ ಕಾವು ಕನಿಷ್ಠ 74 ಡಿಗ್ರಿ ಇರಬೇಕು; ತೊಡೆಯ ಮಾಂಸವಾದರೆ 80 ದಾಟಿದಾಗಲೇ ಮೂಳೆಯಿಂದ ಸಲೀಸಾಗಿ ಬಿಡುತ್ತದೆ.

ಮೇ 25

ಮಳೆ. ಗ್ಯಾರೇಜಿನ ಬಾಗಿಲು ತೆರೆದು ಒಳಗೇ ಬೆಂಕಿ ಹಾಕೋಣವೆಂದು ಬಂದ ನೆಂಟರೊಬ್ಬರು ಒತ್ತಾಯಿಸಿದರೂ ನಾನು ಒಪ್ಪಲಿಲ್ಲ. ಇದ್ದಿಲಿನಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಜೂನ್ 1

ಇಲ್ಲಿನ ಮಹಾಸರೋವರಗಳ ವೈಟ್‌ಫಿಶ್ ತೆಳುವಾದ, ಬೇಗ ಮುರಿಯುವ ಮೀನು, ಜಾಲರಿಯ ಮೇಲೆ ನೇರವಾಗಿ ಇಟ್ಟರೆ ಅಂಟಿಕೊಂಡು ಚೂರಾಗುತ್ತದೆ. ಬ್ಯಾಡಗಿ ಮೆಣಸಿನಕಾಯಿ, ಕೊತ್ತಂಬರಿ, ಹುಣಸೆ, ತೆಂಗಿನಕಾಯಿ ಅರೆದ ಮಸಾಲೆ ಹಚ್ಚಿ ಬಾಳೆಲೆಯಲ್ಲಿ ಸುತ್ತಿ ಇಟ್ಟೆ. ಅಂಗಡಿಯಲ್ಲಿ ಸಿಗುವ ಹೆಪ್ಪುಗಟ್ಟಿದ ಬಾಳೆಲೆ ಬಿಡಿಸುವಾಗ ಸೀಳುವುದರಿಂದ ಮೊದಲು ಕೆಂಡದ ಮೇಲೆ ಒಂದು ಗಳಿಗೆ ಬಾಡಿಸಿಕೊಳ್ಳಬೇಕು. ಹನ್ನೆರಡು ನಿಮಿಷಕ್ಕೆ ಬೆಂದಿತು. ಮಸಾಲೆಗೆ ಉಪ್ಪು ಕಡಿಮೆಯಾಗಿತ್ತು, ಮುಂದಿನ ಸಲ ಮೀನಿಗೇ ಮೊದಲು ಉಪ್ಪು ಹಚ್ಚಿಡಬೇಕು.

ಜಾಲರಿಯನ್ನು ತಂತಿಯ ಬ್ರಷ್‌ನಿಂದ ಉಜ್ಜುವುದನ್ನು ಬಿಟ್ಟಿದ್ದೇನೆ, ಮುರಿದ ತಂತಿಯ ಎಳೆ ಊಟದಲ್ಲಿ ಸೇರಿ ಗಂಟಲಿಗೂ ಕರುಳಿಗೂ ಚುಚ್ಚಿದ ಪ್ರಕರಣಗಳಿವೆ. ಕಾದ ಜಾಲರಿಗೆ ಇಕ್ಕಳದಲ್ಲಿ ಹಿಡಿದ ಅರ್ಧ ಈರುಳ್ಳಿಯೇ ಸಾಕು.

ಜೂನ್ 14

ಕೆಳಗಿನ ಹಿಡಿಕೆ ಎಷ್ಟು ತಿರುಗಿದಾಗ ಎಷ್ಟು ಕಾವು ನಿಲ್ಲುತ್ತದೆ ಎಂಬುದನ್ನು ಐದು ಬೆಂಕಿಗಳಲ್ಲಿ ಅಳೆದು, 110, 150, 180 ಮತ್ತು 230 ಡಿಗ್ರಿಗಳಿಗೆ ನಾಲ್ಕು ಗುರುತುಗಳನ್ನು ಕಾವು ತಡೆಯುವ ಬಿಳಿ ಬಣ್ಣದಲ್ಲಿ ಕಾಲಿನ ಹತ್ತಿರ ಹಾಕಿದೆ. ಗಾಳಿ ಜೋರಾಗಿರುವ ದಿನ ಇವು ಹತ್ತು ಹದಿನೈದು ಡಿಗ್ರಿ ಹೆಚ್ಚು ಕಡಿಮೆಯಾಗುತ್ತವೆ.

ಊಟ ಮುಗಿದ ಮೇಲೆ ಅರೆಜೀವದ ಕೆಂಡದ ಪಕ್ಕದಲ್ಲಿ ಆರು ಗೆಣಸುಗಳನ್ನೂ, ಅಂಚಿನ ಬಿಸಿಬೂದಿಯಲ್ಲಿ ಒಂದು ಹಿಡಿ ಹಲಸಿನ ಬೀಜಗಳನ್ನೂ ಇಟ್ಟು ಕಿಂಡಿಯನ್ನು 150ರ ಗುರುತಿಗೆ ತಂದೆ. ಬೀಜಗಳು ಅರ್ಧ ಗಂಟೆಯಲ್ಲಿ, ಗೆಣಸುಗಳು ಒಂದೂಕಾಲು ಗಂಟೆಯಲ್ಲಿ ಬೆಂದವು. ಸಿಪ್ಪೆ ಒಡೆದು ರಸ ಸೋರಿ ಅಂಟಾದ ಗೆಣಸೇ ಸಿಹಿ ಎಂದು ಮಕ್ಕಳು ಅದಕ್ಕಾಗಿ ಕಾದಿದ್ದರು. ಎಲ್ಲವನ್ನೂ ಮುಚ್ಚಿದಾಗ ರಾತ್ರಿ ಹತ್ತು ಗಂಟೆ. ಬೆಳಿಗ್ಗೆ 19 ಬಿಲ್ಲೆಗಳು ಉಳಿದಿದ್ದವು. ಹಿಂದಿನ ಎಡಗಾಲು ಇನ್ನೂ ಗೂಡಿನಲ್ಲಿ ಸಡಿಲವಾಗಿದೆ, ಮುಂದಿನ ಶನಿವಾರ ಅದನ್ನು ಬಿಗಿಮಾಡಬೇಕು.