ಕಲಬುರಗಿಯಿಂದ ನಾಸಿಕಕ್ಕೆ ವೈನ್ ನೋಡಲು ಹೋಗುವವರೇ, ದ್ರಾಕ್ಷಿ ತೋಟದ ರೂಮು ಹಿಡಿಯಬೇಡಿ

ಮೊದಲು ರೂಮಿನ ಕಥೆ ಮುಗಿಸಿಬಿಡುತ್ತೇನೆ, ಇಲ್ಲದಿದ್ದರೆ ಹೊಟ್ಟೆಯುರಿ ತಣಿಯುವುದಿಲ್ಲ. ಫೋಟೋದಲ್ಲಿ ಬಾಲ್ಕನಿ, ಅದರಾಚೆ ಸಾಲು ಸಾಲು ಬಳ್ಳಿ, ಮೇಜಿನ ಮೇಲೆ ಎರಡು ಗ್ಲಾಸು. 'ವೈನ್‌ಯಾರ್ಡ್ ವ್ಯೂ' ಅಂತ ಹೆಸರು, ಶನಿವಾರ ರಾತ್ರಿಯ ರೇಟು 6,800 ರೂಪಾಯಿ. ಹೋಗಿ ನೋಡಿದರೆ ಬಾಲ್ಕನಿಯೂ ಇತ್ತು, ಬಳ್ಳಿಯೂ ಇತ್ತು. ಆದರೆ ಗೊನೆ ಗೊನೆಗೂ ಹಳೇ ಮರಾಠಿ ಪೇಪರ್ ಸುತ್ತಿದ್ದರು. ನಮ್ಮ ಜೊತೆ ಬಂದಿದ್ದ ಗೆಳೆಯ ವಿಜಯಪುರ ಜಿಲ್ಲೆಯ ತಿಕೋಟಾದ ಅಳಿಯ, ಮಾವನ ಮನೆಯಲ್ಲಿ ದ್ರಾಕ್ಷಿ ಬೆಳೆ. ಬಾಲ್ಕನಿಗೆ ಬಂದವನೇ ಬಗ್ಗಿ ನೋಡಿ ನಗಲು ಶುರು ಮಾಡಿದ.

"ಇದು ವೈನ್ ದ್ರಾಕ್ಷಿ ಅಲ್ಲಪಾ, ಥಾಮ್ಸನ್ ಅದ. ತಿನ್ನೋ ಹಣ್ಣು. ಎಕ್ಸ್‌ಪೋರ್ಟಿಗೆ ಹೋಗೋ ಮಾಲು, ಬಿಸಿಲು ಬಡದು ಬಣ್ಣ ಕೆಡಬಾರ್ದಂತ ಕಾಗದ ಸುತ್ಯಾರ. ಇಷ್ಟ ನೋಡೋದಿದ್ರ ನಮ್ಮ ಮಾವನ ಹೊಲಕ್ಕ ಬಂದಿದ್ರ ಪುಕ್ಕಟೆ ತೋರಸ್ತಿದ್ದೆ."

ಬೆಳಿಗ್ಗೆ ಆರಕ್ಕೇ ಟ್ರ್ಯಾಕ್ಟರಿಗೆ ಕಟ್ಟಿದ ಬ್ಲೋವರ್ ಬಂತು. ಔಷಧ ಹೊಡೆಯುತ್ತಾರೆ, ಕಿಟಕಿ ಹಾಕಿಕೊಳ್ಳಿ ಅಂತ ಹುಡುಗ ಬಂದು ಹೇಳಿ ಹೋದ. ಗೀಸರ್ ಇತ್ತು, ನೀರು ಬಕೆಟ್‌ನಲ್ಲಿ ತಂದುಕೊಟ್ಟರು. ಊಟ ಅಲ್ಲೇ ಮಾಡಬೇಕು, ಯಾಕೆಂದರೆ ರಾತ್ರಿ ಎಂಟಾದ ಮೇಲೆ ಆ ರಸ್ತೆಗೆ ಆಟೋ ಬರುವುದಿಲ್ಲ. ಎರಡು ದಾಲ್, ಒಂದು ಪನೀರು, ಒಣಗಿದ ರೋಟಿ, ಇಷ್ಟಕ್ಕೆ ಬಂದ ಬಿಲ್ ನೋಡಿ ಅತ್ತಿಗೆ ಮಾತೇ ಆಡಲಿಲ್ಲ.

ಆದ್ದರಿಂದ ನಾಸಿಕ ಊರೊಳಗೇ, ಸಿಬಿಎಸ್ ಬಸ್ ಸ್ಟ್ಯಾಂಡ್ ಸುತ್ತಮುತ್ತ ರೂಮು ಹಿಡಿಯಿರಿ. ಮಾರನೆಯ ರಾತ್ರಿ ನಾವು ಅಲ್ಲಿಗೇ ಬಂದು ಬಿದ್ದೆವು. 1,400 ರೂಪಾಯಿಗೆ ಚೊಕ್ಕ ರೂಮು, ಸುಡುಸುಡು ನೀರು. ವ್ಯೂ ಏನೂ ಇಲ್ಲ, ಎದುರಿಗೆ ಮೊಬೈಲ್ ಅಂಗಡಿ. ವೈನರಿಗಳಿರುವ ಗಂಗಾಪುರ ಕಟ್ಟೆಯ ಕಡೆಗೆ ಊರಿಂದ ಅರ್ಧ, ಮುಕ್ಕಾಲು ಗಂಟೆ ಅಷ್ಟೇ. ಹೋಗಿ ಬರುವುದಕ್ಕೆ ಒಂದೇ ಗಾಡಿ ಮಾತಾಡಿ, ವೇಟಿಂಗ್ ಎಷ್ಟು ಗಂಟೆ, ಎಷ್ಟು ದುಡ್ಡು ಎಂದು ಹತ್ತುವ ಮೊದಲೇ ಬಾಯಿಬಿಟ್ಟು ಕೇಳಿ. ಒಂದೇ ಕಡೆಗೆ ಅಂತ ಹೋದರೆ ವಾಪಸ್ ಬರುವಾಗ ಅವರು ಹೇಳಿದ್ದೇ ರೇಟು.

ಇನ್ನು ರೈಲು. ನಮ್ಮ ಕಡೆಯವರಿಗೆ ಕರ್ನಾಟಕ ಎಕ್ಸ್‌ಪ್ರೆಸ್ಸೇ ಸರಿ. ಯಾದಗಿರಿಯವರೂ ಅದಕ್ಕೇ ಹತ್ತಬಹುದು. ಬೆಳಗಾಗುವ ಹೊತ್ತಿಗೆ ಕಲಬುರಗಿ ಬಿಟ್ಟು ಸೊಲ್ಲಾಪುರ, ದೌಂಡ್ ಮೇಲೆ ಹೋಗಿ ಇಳಿಹೊತ್ತಿಗೆ ಮನ್ಮಾಡ್‌ಗೆ ಬಿಡುತ್ತದೆ. ಅದಕ್ಕಿಂತ ಮೊದಲು ಕೋಪರ್‌ಗಾಂವ್ ಬರುತ್ತದೆ, ಅರ್ಧ ಬೋಗಿ ಅಲ್ಲೇ ಶಿರಡಿಗೆಂದು ಇಳಿಯುತ್ತದೆ. (ನಮ್ಮ ಮನೆಯಲ್ಲೂ ದೊಡ್ಡವರಿಗೆ ಶಿರಡಿ ಅಂತಲೇ ಹೇಳಿದ್ದು. ಸುಳ್ಳೇನಲ್ಲ, ಹೋಗಿಬಂದೆವು.) ಮನ್ಮಾಡ್‌ನಿಂದ ನಾಸಿಕ್ ರೋಡ್ ಸ್ಟೇಷನ್‌ಗೆ ಮುಂಬೈ ಕಡೆಯ ಗಾಡಿಗಳು ಬೇಕಾದಷ್ಟಿವೆ, ಜನರಲ್ ಟಿಕೆಟ್ ತೆಗೆದುಕೊಂಡು ಹತ್ತಿದರಾಯಿತು. ಮನ್ಮಾಡ್ ಸ್ಟೇಷನ್ ಹೊರಗೆ ಗಾಡಿಯವರು ಮುತ್ತಿಕೊಂಡು "ರೈಲು ಲೇಟು, ರೈಲು ಇಲ್ಲ" ಅನ್ನುತ್ತಾರೆ. ನಮಗೆ ಹಾಗೆ ಹೇಳಿ 3,200 ಕೇಳಿದವನು ಇನ್ನೂ ಚೌಕಾಸಿ ಮಾಡುತ್ತಿರುವಾಗಲೇ ಒಳಗೆ ಗಾಡಿ ಬಂದದ್ದು ಅನೌನ್ಸ್ ಆಯಿತು. ಸಮಯ ಕೈಯಲ್ಲಿದ್ದರೆ ಊರೊಳಗಿನ ಗುರುದ್ವಾರದಲ್ಲಿ ಲಂಗರ್ ಊಟ ಮಾಡಿ. ಬೀದರಿನ ಝೀರಾ ಗುರುದ್ವಾರದಲ್ಲಿ ಕೂತು ಉಂಡವರಿಗೆ ಹೊಸದೇನೂ ಅನಿಸುವುದಿಲ್ಲ. ಬೀದರಿನವರಿಗೆ ಲಾತೂರು ಮೇಲಿಂದ ಮುಂಬೈಗೆ ಹೋಗುವ ಗಾಡಿಯಲ್ಲಿ ಕಲ್ಯಾಣ್‌ಗೆ ಹೋಗಿ ಅಲ್ಲಿಂದ ಹಿಂದಕ್ಕೆ ಬರುವುದು ಇನ್ನೊಂದು ದಾರಿ.

ವೈನರಿಗೆ ಶನಿವಾರ, ಭಾನುವಾರ ಹೋಗಲೇಬೇಡಿ. ಮುಂಬೈ, ಪುಣೆಯ ಜನ ಕಾರು ಕಾರು ಬಂದು ಇಳಿಯುತ್ತಾರೆ. ಗದ್ದಲ ಇಷ್ಟಪಡುವವರು ಬೈದುಕೊಳ್ಳಬೇಡಿ, ನನಗೆ ಶರಣಬಸವೇಶ್ವರ ಜಾತ್ರೆಯ ಗದ್ದಲವೇ ವರ್ಷಕ್ಕೆ ಸಾಕು. ನಾವು ಶನಿವಾರ ಸಂಜೆ ಗೇಟಿನವರೆಗೆ ಹೋಗಿ ಒಳಗಿನ ಡಿಜೆ ಸದ್ದು ಕೇಳಿ ತಿರುಗಿ ಬಂದವರು, ಸೋಮವಾರ ಬೆಳಿಗ್ಗೆ ಹನ್ನೊಂದರ ಟೂರಿಗೆ ಹೋದೆವು. ಒಂದು ಗುಂಪಿನಲ್ಲಿ ಒಂಬತ್ತೇ ಜನ. ಸುಲಾ, ಯಾರ್ಕ್, ಸೋಮಾ ವೈನರಿಗಳೆಲ್ಲ ಗಂಗಾಪುರ ಕಟ್ಟೆಯ ಕಡೆಯೇ, ಒಂದಕ್ಕೊಂದು ದೂರವೇನಲ್ಲ. ವೈನ್ ಟೇಸ್ಟಿಂಗ್ ರೂಮ್ ಎನ್ನುವುದನ್ನು ಈ ಊರಿಗೆ ತಂದದ್ದು ಸುಲಾ, 2005ರಲ್ಲಿ. ಈಗ ಎಲ್ಲರೂ ಮಾಡುತ್ತಾರೆ. ಫೋನ್ ಮಾಡಿ ಟೂರಿನ ಹೊತ್ತು ಕೇಳಿಕೊಂಡು ಹೋಗಿ. ವಿವರಣೆ ಹಿಂದಿಯಲ್ಲಿ ಬೇಕು ಅಂತ ಮೊದಲೇ ಹೇಳಿ. ಇಂಗ್ಲಿಷಿನಲ್ಲಿ ಗಿಣಿಪಾಠ ಒಪ್ಪಿಸುವ ಹುಡುಗರೇ ಹಿಂದಿಗೆ ಬಂದರೆ ಮನಸ್ಸು ಬಿಚ್ಚಿ ಮಾತಾಡುತ್ತಾರೆ, ನಮ್ಮ ಕಲಬುರಗಿ ಹಿಂದಿಗೆ ನಗುತ್ತಾರೆ ಕೂಡ.

ನಾವು ಹೋದಲ್ಲಿ ಟ್ಯಾಂಕುಗಳಿಗಿಂತ ಮೊದಲು ಮ್ಯೂಸಿಯಂ ಥರದ ಒಂದು ಕೋಣೆ. ಗೋಡೆಗೆ ಫೋಟೋ, ಟಿವಿ ಪರದೆ ಇವೆಲ್ಲ ಇದ್ದದ್ದೇ. ಆದರೆ ಉದ್ದನೆಯ ಮೇಜಿನ ಮೇಲೆ ಮುಚ್ಚಳ ಹಾಕಿದ ಗಾಜಿನ ಬರಣಿಗಳನ್ನು ಸಾಲಾಗಿ ಇಟ್ಟಿದ್ದರು, ಒಳಗೆ ಏನಿದೆ ಅಂತ ಕಾಣದ ಹಾಗೆ ಕರಿ ಬಟ್ಟೆ ಸುತ್ತಿ. ಮುಚ್ಚಳ ತೆಗೆದು ಮೂಸಿ ಹೆಸರು ಹೇಳಬೇಕು, ಆಮೇಲೆ ಬರಣಿ ಎತ್ತಿದರೆ ಕೆಳಗೆ ಉತ್ತರ. ನಾವು ಗಂಡಸರು ದೊಡ್ಡ ವಿಷಯ ತಿಳಿದವರಂತೆ ನಿಂತಿದ್ದೆವು. ನಾನು ಲವಂಗ ಒಂದನ್ನು ಹಿಡಿದೆ. ತಿಕೋಟಾದ ಅಳಿಯ ತಂಬಾಕಿನ ಮಾವಾ ಜಗಿಯುವವನು, ಅವನಿಗೆ ಒಂದೂ ಹತ್ತಲಿಲ್ಲ, ಎಲ್ಲಾ ಬರಣಿಯೂ ಖಾಲಿ ಅಂತ ವಾದ ಬೇರೆ. ಜೀವನದಲ್ಲಿ ಒಂದು ಹನಿ ಕುಡಿಯದ ಅತ್ತಿಗೆ ಸೆರಗು ಸಿಕ್ಕಿಸಿಕೊಂಡು ಬಂದು ಸರಸರ ಹೇಳಿಬಿಟ್ಟರು: "ಇದು ಮೆಣಸು. ಇದು ಡೊಣ್ಣಮೆಣಸಿನಕಾಯಿ, ಹಸೀದು. ಇದು ಕೇಕಿಗೆ ಹಾಕ್ತಾರಲ್ಲ, ವೆನಿಲಾ. ಇದು ತೊಯ್ದ ರಟ್ಟು." ಗೈಡ್ ಹುಡುಗ ಚಪ್ಪಾಳೆ ಹೊಡೆದ.

ಅದು ಬರೀ ಆಟವಲ್ಲ ಅಂತ ಆಮೇಲೆ ಗೊತ್ತಾಯಿತು. ಡೊಣ್ಣಮೆಣಸಿನಕಾಯಿ ವಾಸನೆ ಸೋವಿನ್ಯೋನ್ ಬ್ಲಾಂಕ್ ಎಂಬ ಬಿಳಿ ದ್ರಾಕ್ಷಿಯದ್ದು. ಎರಡರಲ್ಲೂ ಪೈರಜೀನ್ ಅನ್ನುವ ಒಂದೇ ಜಾತಿಯ ರಾಸಾಯನಿಕವಿದೆ. ಕರಿಮೆಣಸು ಶಿರಾಜ್ ಎಂಬ ಕೆಂಪು ದ್ರಾಕ್ಷಿಯದ್ದು, ಅದಕ್ಕೆ ಕಾರಣವಾದ ರೊಟಂಡೋನ್ ಮೆಣಸಿನಕಾಳಿನಲ್ಲೂ ಇರುತ್ತದೆ. ವೆನಿಲಾ ಹಣ್ಣಿನಿಂದ ಬರುವುದಲ್ಲ, ಸುಟ್ಟ ಓಕ್ ಮರದ ಪೀಪಾಯಿಯಿಂದ ಬರುವುದು. ತೊಯ್ದ ರಟ್ಟು ಮಾತ್ರ ಕೆಟ್ಟದ್ದು. ಬಿರಡೆ ಕೆಟ್ಟು ವೈನ್ ಹಾಳಾಗಿದೆ ಅಂತ ಅರ್ಥ, ಹೋಟೆಲಿನಲ್ಲಿ ಆ ವಾಸನೆ ಬಂದರೆ ಬಾಟಲಿ ವಾಪಸ್ ಕಳಿಸಬಹುದು. ಹಾಗಾಗಿ ಗುಟ್ಕಾ, ಮಾವಾ, ಸಿಗರೇಟು ಹಿಂದಿನ ರಾತ್ರಿಯಿಂದಲೇ ಬಿಟ್ಟಿರಿ, ಸೆಂಟು ಹಾಕಿಕೊಂಡು ಹೋಗಬೇಡಿ. ಇಲ್ಲದಿದ್ದರೆ ಕೊಟ್ಟ ದುಡ್ಡು ನೀರಿಗೆ ಹಾಕಿದ ಹಾಗೆ.

ಟ್ಯಾಂಕಿನ ಕೋಣೆಯಲ್ಲಿ ಅಳಿಯ ಸೇಡು ತೀರಿಸಿಕೊಂಡ. ಫೆಬ್ರವರಿ, ಕಟಾವಿನ ಕಾಲ. ಕ್ರೇಟಿನಲ್ಲಿದ್ದ ಹಣ್ಣು ಬಟಾಣಿಗಿಂತ ತುಸು ದೊಡ್ಡದು, ಒಳಗೆಲ್ಲ ಬೀಜ. "ಇಷ್ಟು ಸಣ್ಣದನ್ನ ನಮ್ಮ ಮಾರ್ಕೆಟ್ಟಿನಾಗ ಯಾರೂ ಕೈಲೆ ಮುಟ್ಟಂಗಿಲ್ಲ" ಅಂದ. ಹಣ್ಣು ದಪ್ಪ ಆಗಲಿ ಅಂತ ತಿನ್ನುವ ದ್ರಾಕ್ಷಿಯನ್ನು ಜಿಬ್ಬರೆಲಿಕ್ ಆ್ಯಸಿಡ್‌ನಲ್ಲಿ ಅದ್ದುತ್ತಾರೆ, ವೈನ್ ದ್ರಾಕ್ಷಿಗೆ ಅದು ಬೇಡವೇ ಬೇಡ. ಹಣ್ಣು ಸಣ್ಣದಾದಷ್ಟೂ ರಸಕ್ಕೆ ಹೋಲಿಸಿದರೆ ಸಿಪ್ಪೆ ಜಾಸ್ತಿ, ಬಣ್ಣವೂ ರುಚಿಯೂ ಇರುವುದು ಸಿಪ್ಪೆಯಲ್ಲೇ. ಕೆಂಪು ದ್ರಾಕ್ಷಿ ಹಿಂಡಿದರೂ ಒಳಗಿನ ರಸ ಬಿಳಿಯೇ. ಸಿಪ್ಪೆ ಸಮೇತ ಹುಳಿಯಲು ಬಿಟ್ಟರೆ ಕೆಂಪು ವೈನ್, ಕೆಲವೇ ಗಂಟೆ ಬಿಟ್ಟು ಸೋಸಿದರೆ ರೋಸೆ. ಕಟಾವಿನ ಹೊತ್ತಿಗೆ ಸಕ್ಕರೆ 22ರಿಂದ 24 ಬ್ರಿಕ್ಸ್ (ರಸದ ಸಿಹಿ ಅಳೆಯುವ ಲೆಕ್ಕ) ಇದ್ದರೆ ಆಲ್ಕೋಹಾಲ್ 12, 13 ಪರ್ಸೆಂಟಿನ ಸುತ್ತ ಬರುತ್ತದೆ. ಅಳಿಯ ಕೂಡಲೇ ಲೆಕ್ಕ ಹಾಕಿದ: ಒಣದ್ರಾಕ್ಷಿಗೆ ಬಿಡುವ ಥಾಮ್ಸನ್ ಕೂಡ 22 ಬ್ರಿಕ್ಸ್ ದಾಟುತ್ತದೆ, ಹಾಗಾದರೆ ಅದರಿಂದ ಯಾಕೆ ಮಾಡಬಾರದು? ಮಾಡಬಹುದು, ಅಮಲು ಬರುತ್ತದೆ, ಆದರೆ ಮೂಗಿಗೆ ಹೇಳಿಕೊಳ್ಳುವಂಥದ್ದೇನೂ ಇರುವುದಿಲ್ಲ, ಅಂದ ಗೈಡ್. ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ (ಚಾಟ್ನಿ ಅಂದರೆ ಬಳ್ಳಿ ಕತ್ತರಿಸುವುದು) ಇಲ್ಲೂ ಹಾಗೇನಾ ಅಂತ ಶುರುವಾದ ಮಾತು ಮುಗಿಯುವಷ್ಟರಲ್ಲಿ ಉಳಿದವರೆಲ್ಲ ಮುಂದೆ ಹೋಗಿಬಿಟ್ಟಿದ್ದರು. ಯುರೋಪಿನಲ್ಲಿ ಚಳಿಗೆ ಬಳ್ಳಿ ತಾನಾಗಿ ಮಲಗುತ್ತದೆ, ನಮ್ಮಲ್ಲಿ ಮಲಗುವುದಿಲ್ಲ. ಅದಕ್ಕೇ ವರ್ಷಕ್ಕೆ ಎರಡು ಸಲ ಕತ್ತರಿಸಿ ಒಂದು ಬೆಳೆ ತೆಗೆಯುತ್ತಾರೆ. ತಿಕೋಟಾದಲ್ಲೂ ನಾಸಿಕದಲ್ಲೂ ಅದೇ ಕಥೆ.

ಟೇಸ್ಟಿಂಗ್‌ಗೆ ತಲೆಗೆ 500 ರೂಪಾಯಿ ಆಚೀಚೆ ಬಿತ್ತು, ಐದು ಬಗೆ. ಗ್ಲಾಸನ್ನು ಕೆಳಗಿನ ದಂಟಿನಿಂದ ಹಿಡಿಯಬೇಕು, ಬಟ್ಟಲು ಹಿಡಿದರೆ ಅಂಗೈ ಕಾವಿಗೆ ವೈನ್ ಬಿಸಿಯಾಗುತ್ತದೆ. ತಿರುಗಿಸಿ, ಮೂಸಿ, ಆಮೇಲೆ ಒಂದು ಗುಟುಕು ಬಾಯಲ್ಲಿ ಆಡಿಸಿ. ಗುಳ್ಳೆ ವೈನ್ ಮೊದಲು, ಆಮೇಲೆ ಬಿಳಿ, ರೋಸೆ, ಕೆಂಪು. ಕ್ಯಾಬರ್ನೆ ಎಂಬ ಕೆಂಪು ವೈನ್ ಬಾಯಿಗೆ ಹೋದಾಗ ದೋರೆ ನೇರಳೆ ಹಣ್ಣು ತಿಂದ ಹಾಗೆ ನಾಲಿಗೆ, ಒಸಡು ಎಲ್ಲ ಒಗರು ಹಿಡಿದವು. ಸಿಪ್ಪೆ, ಬೀಜದಿಂದ ಬರುವ ಟ್ಯಾನಿನ್ ಅದು, ಕೆಟ್ಟಿದೆ ಅಂತ ತಿಳಿಯಬೇಡಿ. ಉಗುಳಲು ಮಧ್ಯದಲ್ಲಿ ಒಂದು ಪಾತ್ರೆ ಇಟ್ಟಿರುತ್ತಾರೆ. ದಿನವಿಡೀ ಉಗುಳುವ ನಮ್ಮೂರಿನವರು ಅಲ್ಲಿ ಮಾತ್ರ ಒಬ್ಬರೂ ಉಗುಳಲಿಲ್ಲ. ಒಂದೊಂದು ಸುಮಾರು 30 ಎಂಎಲ್, ಐದಕ್ಕೆ 150. ಎಲ್ಲ ನುಂಗಿದರೆ ಒಂದೂವರೆ ಸಣ್ಣ ಪೆಗ್ ವಿಸ್ಕಿಯಷ್ಟು ಆಲ್ಕೋಹಾಲ್ ಒಳಗೆ ಹೋಗಿರುತ್ತದೆ, ಖಾಲಿ ಹೊಟ್ಟೆಯಲ್ಲಿ ಅದು ಕಡಿಮೆಯೇನಲ್ಲ. ಕಿಕ್ಕಿಗೆ ಅಂತ ಹೋಗುವವರಿಗೆ ಇದು ದಂಡ, ಅವರು ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ತಮ್ಮ ಎಂದಿನ ಅಡ್ಡೆಗೇ ಹೋಗಲಿ. ಕುಡಿಯದವರು ಮಾತ್ರ ಧಾರಾಳವಾಗಿ ಬರಬಹುದು. ಅತ್ತಿಗೆಗೆ ದ್ರಾಕ್ಷಿ ರಸ ಕೊಟ್ಟರು, ಟೂರಿಗಷ್ಟೇ ದುಡ್ಡು ತೆಗೆದುಕೊಂಡರು.

ಖಾಲಿ ಹೊಟ್ಟೆಯಲ್ಲಿ ಹೋಗಬಾರದಲ್ಲ, ಅದಕ್ಕೆ ಮಿಸಳ್. ಹಳೇ ನಾಸಿಕದಲ್ಲಿ, ಗೋದಾವರಿ ದಂಡೆಗೆ ಇಳಿಯುವ ಓಣಿಯಲ್ಲಿ, ಮಾಸಿದ ಬೋರ್ಡಿನ ಒಂದು ಅಂಗಡಿ. ಆರೇ ಬೆಂಚು. ಒಲೆಯ ಮೇಲೆ ಕರ್ರಗಿನ ರಸ್ಸಾ ಕುದಿಯುತ್ತಿರುತ್ತದೆ, ಮೇಲೆ ಬೆರಳು ದಪ್ಪ ಎಣ್ಣೆ. ತಟ್ಟೆಗೆ ಮೊಳಕೆ ಬಂದ ಮಡಕಿ ಕಾಳು, ಅದರ ಮೇಲೆ ಫರ್ಸಾಣ, ಹೆಚ್ಚಿದ ಉಳ್ಳಾಗಡ್ಡಿ, ಅರ್ಧ ನಿಂಬೆಹಣ್ಣು. ಪಕ್ಕಕ್ಕೆ ಸುಟ್ಟ ಹಪ್ಪಳ, ಬಟ್ಟಲಲ್ಲಿ ಗಟ್ಟಿ ಮೊಸರು, ಮೆತ್ತನೆಯ ಎರಡು ಪಾವ್. ಸುಟ್ಟ ಕೊಬ್ಬರಿ, ಸುಟ್ಟ ಉಳ್ಳಾಗಡ್ಡಿ ಅರೆದು ಹಾಕಿದ ಕಾಳಾ ಮಸಾಲೆಯ ಖಾರ ನಮ್ಮ ಬಾಯಿಗೆ ಸರಿಯಾಗಿ ಕೂರುತ್ತದೆ. ನಾಲಿಗೆ ಸುಡುವುದಿಲ್ಲ, ಕಿವಿ ಹಿಂದೆ ಬೆವರು ಇಳಿಯುತ್ತದೆ. ರಸ್ಸಾ ಕೇಳಿದಷ್ಟು ಸಲ ಸೌಟಿನಲ್ಲಿ ಸುರಿಯುತ್ತಾರೆ, ಅದಕ್ಕೆ ದುಡ್ಡಿಲ್ಲ. ಪ್ಲೇಟಿಗೆ 80 ರೂಪಾಯಿ. ಯಜಮಾನರಿಗೆ ಎಪ್ಪತ್ತರ ಮೇಲೆ ವಯಸ್ಸು, ನಾವು ಕಲಬುರಗಿಯವರು ಅಂದ ಕೂಡಲೇ "ಗಾಣಗಾಪುರ, ಗಾಣಗಾಪುರ" ಎಂದು ಕೈ ಮುಗಿದರು. ದತ್ತ ಜಯಂತಿಗೆ ಬಂದು ಹೋಗಿದ್ದರಂತೆ. ಆಮೇಲೆ ಚಹಾಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಬೆಳಿಗ್ಗೆ ಒಂಬತ್ತರೊಳಗೆ ಹೋಗಿ, ಹನ್ನೊಂದಕ್ಕೆ ಕಾಳು ಮುಗಿದು ಬಾಗಿಲು ಹಾಕುತ್ತಾರೆ. ಸ್ಟೇಷನ್ ಎದುರಿನ ಊಟಕ್ಕಿಂತ ಇದು ಸಾವಿರ ಪಾಲು ಮೇಲು.

ತ್ರ್ಯಂಬಕೇಶ್ವರ, ಪಂಚವಟಿ ಬಗ್ಗೆ ನಾನೇನೂ ಬರೆಯುವುದಿಲ್ಲ, ಅದು ಎಲ್ಲರಿಗೂ ಗೊತ್ತಿರುವುದೇ.

ಹೊರಡುವ ಮೊದಲು ತಾರೀಖು ನೋಡಿಕೊಳ್ಳಿ. ಜನವರಿ 26, ಅಕ್ಟೋಬರ್ 2, ಚುನಾವಣೆಯ ದಿನ ಇವೆಲ್ಲ ಡ್ರೈ ಡೇ, ಟೇಸ್ಟಿಂಗ್ ಇರುವುದಿಲ್ಲ. ವೈನಿಗೆ 21 ತುಂಬಿರಬೇಕು, ಹುಡುಗರ ಆಧಾರ್ ಕೇಳುತ್ತಾರೆ. ಕಟಾವು ನೋಡಬೇಕೆಂದರೆ ಜನವರಿಯಿಂದ ಮಾರ್ಚ್ ಒಳಗೆ, ಸ್ವೆಟರ್ ಒಯ್ಯಿರಿ, ರಾತ್ರಿ ಥಂಡಿ ಇರುತ್ತದೆ. ನಾಸಿಕ ದೂರವಾಯಿತು ಅನ್ನುವವರಿಗೆ ಸೊಲ್ಲಾಪುರ ಜಿಲ್ಲೆಯ ಅಕ್ಲೂಜ್ ಹತ್ತಿರ ಫ್ರಾಟೆಲ್ಲಿಯ ತೋಟವಿದೆ, ನಮಗೆ ಇನ್ನೂ ಸಮೀಪ. ಆದರೆ ಅಲ್ಲಿಗೆ ಸ್ವಂತ ಗಾಡಿ ಬೇಕು. ಬೆಂಗಳೂರಿಗೆ ಹೇಗೂ ಹೋಗುವವರು ನಂದಿ ಬೆಟ್ಟದ ತಪ್ಪಲಿನ ಗ್ರೋವರ್ ವೈನರಿ ನೋಡಬಹುದು.

ಬಾಟಲಿ ತರುವುದಾದರೆ ಬಿಲ್ ಜೋಪಾನ, ಎಷ್ಟು ತರಬಹುದು ಅಂತ ಎರಡೂ ರಾಜ್ಯದ ಅಬಕಾರಿ ನಿಯಮ ಕೇಳಿಕೊಂಡೇ ಕೊಳ್ಳಿ. ತಿರುಪು ಮುಚ್ಚಳದ್ದು ತೆಗೆದುಕೊಳ್ಳಿ, ಬಿರಡೆ ತೆಗೆಯುವ ಸುರುಳಿ ಮೊಳೆ ನಮ್ಮ ಮನೆಗಳಲ್ಲಿ ಇರುವುದಿಲ್ಲ. ಇನ್ನೊಂದು, ಇದನ್ನು ಅಂಗಡಿಯವರು ಹೇಳುವುದಿಲ್ಲ: ಮದುವೆ ಮುಂಜಿಗೆ ಇರಲಿ ಅಂತ ಶೋಕೇಸಿನಲ್ಲಿ ನಿಲ್ಲಿಸಿಡಬೇಡಿ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ 42 ಡಿಗ್ರಿ ದಾಟುತ್ತದೆ, ಆ ಕಾವಿಗೆ ವೈನ್ ಬೆಂದು ಹೋಗುತ್ತದೆ. ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ ಇಟ್ಟು ಬೇಸಿಗೆಗೆ ಮೊದಲೇ ಮುಗಿಸಿ. ತೆರೆದ ಮೇಲೆ ಮೂರ್ನಾಲ್ಕು ದಿನ, ಅಷ್ಟೇ.

ವಾಪಸ್ ಬರುವ ಕರ್ನಾಟಕ ಎಕ್ಸ್‌ಪ್ರೆಸ್ ಕಲಬುರಗಿಗೆ ಅಪರಾತ್ರಿಯಲ್ಲಿ ತಂದು ಇಳಿಸುತ್ತದೆ. ಸೊಲ್ಲಾಪುರ ದಾಟಿದ ಮೇಲೆ ನಿದ್ದೆ ಹೋಗದೆ ಅಲಾರಂ ಇಟ್ಟುಕೊಳ್ಳಿ, ಮಲಗಿಬಿಟ್ಟರೆ ವಾಡಿಯಲ್ಲೇ ಎಚ್ಚರ. ಆ ಹೊತ್ತಿಗೆ ಸ್ಟೇಷನ್ ಹೊರಗಿನ ಆಟೋದವರು ಕೇಳುವ ರೇಟಿಗೆ ನಾಸಿಕದವರೇ ವಾಸಿ ಅನಿಸುತ್ತದೆ, ಮನೆಯಿಂದ ಯಾರಿಗಾದರೂ ಬೈಕ್ ತರಲು ಹೇಳಿಟ್ಟಿರಿ.