ಹದಿಮೂರು ವರ್ಷದ ಮಗಳಿಗೆ ಗೋವಾದಲ್ಲಿ ಡೈವ್ ಶಾಪ್ ಹುಡುಕಿದ ಕಥೆ

ಮಗಳು ಹೋದ ಜನವರಿಯಲ್ಲಿ ಮುರುಡೇಶ್ವರದಲ್ಲಿ ಸ್ಕೂಬಾ ಡೈವಿಂಗ್ ಕೋರ್ಸ್ ಮುಗಿಸಿ, ನೇತ್ರಾಣಿ ದ್ವೀಪದಲ್ಲಿ ನಾಲ್ಕು ಡೈವ್ ಮಾಡಿ, ಮಕ್ಕಳಿಗೆ ಕೊಡುವ ಜೂನಿಯರ್ ಓಪನ್ ವಾಟರ್ ಕಾರ್ಡ್ ತಗೊಂಡಿದ್ದಳು. ನವೆಂಬರಿನಲ್ಲಿ ಗೋವಾದ ವಾಸ್ಕೋದಲ್ಲಿರುವ ನಮ್ಮಕ್ಕನ ಮನೆಗೆ ಹೊರಟಾಗ, ಈ ಸಲ ಗ್ರ್ಯಾಂಡ್ ಐಲ್ಯಾಂಡಿನಲ್ಲಿ ಡೈವ್ ಮಾಡಲೇಬೇಕು ಅಂತ ಹಟ ಹಿಡಿದಳು. ನನಗೆ ಈಜು ಬರುತ್ತದೆ, ಡೈವಿಂಗ್ ಬರಲ್ಲ. ಅವಳು ನೀರೊಳಗೆ ಇಳಿದ ಮೇಲೆ ನಾನು ದೋಣಿಯಲ್ಲಿ ಕೂತು ಗುಳ್ಳೆ ನೋಡಬೇಕು ಅಷ್ಟೇ. ಹಾಗಾಗಿ ಅವಳನ್ನು ಯಾರ ಕೈಗೆ ಒಪ್ಪಿಸುತ್ತೇನೆ ಅನ್ನುವುದು ಸರಿಯಾಗಿ ಗೊತ್ತಾಗದೆ ಹೋಗಬಾರದು ಅಂತ ನಿರ್ಧಾರ ಮಾಡಿದ್ದೆ.

ಮೊದಲು ಕಾರ್ಡಿನ ವಿಷಯ. ಡೈವಿಂಗ್ ಕಾರ್ಡ್ ಕೊಡುವ ಸಂಸ್ಥೆಯಾದ ಪ್ಯಾಡಿಯ ನಿಯಮದ ಪ್ರಕಾರ 10-11 ವರ್ಷದ ಮಕ್ಕಳು 12 ಮೀಟರಿಗಿಂತ ಕೆಳಗೆ ಹೋಗುವಂತಿಲ್ಲ, ಅದೂ ಡೈವಿಂಗ್ ಕಲಿತ ತಂದೆತಾಯಿಯ ಅಥವಾ ಇನ್‌ಸ್ಟ್ರಕ್ಟರ್ ಜೊತೆ. 12ರಿಂದ 14ರವರಿಗೆ 18 ಮೀಟರ್, ಜೊತೆಗೆ ಕಾರ್ಡ್ ಇರುವ ದೊಡ್ಡವರೊಬ್ಬರು ಇರಲೇಬೇಕು. 15 ತುಂಬಿದ ಮೇಲೆ ದೊಡ್ಡವರ ಕಾರ್ಡಿಗೆ ಬದಲಾಯಿಸಿಕೊಳ್ಳಬಹುದು. ನಿಮ್ಮ ಮನೆಯಲ್ಲಿ ಯಾರೂ ಡೈವರ್ ಇಲ್ಲದಿದ್ದರೆ ಮಗುವಿಗೇ ಅಂತ ಒಬ್ಬ ಗೈಡ್ ಬೇಕಾಗುತ್ತದೆ. ಆ ಖರ್ಚನ್ನು ಮೊದಲೇ ಲೆಕ್ಕದಲ್ಲಿ ಹಿಡಿದುಕೊಳ್ಳಿ.

ಧಾರವಾಡದಲ್ಲೇ ಕೂತು ಮೂರು ಕಡೆ ಫೋನ್ ಮಾಡಿದೆ. ಒಬ್ಬರು, ನಾನು ಬಾಯಿ ತೆರೆಯುವ ಮೊದಲೇ, ಪ್ಯಾಕೇಜ್ ಹೇಳಿದರು: ದೋಣಿ, ಊಟ, ಡಾಲ್ಫಿನ್, ವಿಡಿಯೋ ಫ್ರೀ, ಈಜು ಬರದಿದ್ದರೂ ನಡೆಯುತ್ತದೆ. ಗೋವಾದಲ್ಲಿ 'ಸ್ಕೂಬಾ' ಅಂದರೆ ಜಾಸ್ತಿ ಸಿಗುವುದು ಇದೇ ಟ್ರೈ ಡೈವ್. ಇನ್‌ಸ್ಟ್ರಕ್ಟರ್ ನಿಮ್ಮ ಸಿಲಿಂಡರ್ ಹಿಡಿದುಕೊಂಡು, ಆಳವಿಲ್ಲದ ಕಡೆ ಸ್ವಲ್ಪ ಹೊತ್ತು ತಿರುಗಿಸಿ ಮೇಲೆ ತರುತ್ತಾರೆ. ಮೊದಲ ಸಲ ನೋಡುವವರಿಗೆ ಅದು ಸಾಕು. ಕಾರ್ಡ್ ಇರುವ ಮಗುವಿಗೆ ಬೇಕಾದ್ದು ಫನ್ ಡೈವ್, ಅಂದರೆ ಕಲಿತವರು ಗೈಡ್ ಜೊತೆ ತಾವೇ ಈಜಿಕೊಂಡು ಮಾಡುವ ಡೈವ್. ಫೋನಿನಲ್ಲಿ ಈ ಪದವನ್ನೇ ಬಳಸಿ ಕೇಳಿ, ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ಎರಡನೆಯವರು ಫನ್ ಡೈವ್ ಇದೆ, ಬನ್ನಿ ಅಂದರು. ವಯಸ್ಸು ಕೇಳಲಿಲ್ಲ, ಮಾಡಿದ ಡೈವ್‌ಗಳನ್ನು ಬರೆದಿಡುವ ಲಾಗ್‌ಬುಕ್ ಕೇಳಲಿಲ್ಲ. ಮೆಡಿಕಲ್ ಫಾರಂ ಬಗ್ಗೆ ನಾನೇ ಕೇಳಿದ್ದಕ್ಕೆ, "ಎಲ್ಲದಕ್ಕೂ ನೋ ಹಾಕಿಬಿಡಿ ಮೇಡಂ" ಅಂದರು. ನನಗೆ ಎದೆ ಝಲ್ ಅಂತು. ಮಗಳಿಗೆ ಹೋದ ಮಳೆಗಾಲದಲ್ಲಿ ಎರಡು ಮೂರು ಸಲ ಸೈನಸ್ ಆಗಿತ್ತು. ಫಾರಂನಲ್ಲಿ ಇಂಥದ್ದಕ್ಕೆ 'ಹೌದು' ಅಂತಲೇ ಬರೆಯಬೇಕು, ಆಮೇಲೆ ಡಾಕ್ಟರ್ ಸಹಿ ಬೇಕು. ಮೂಗು ಕಿವಿ ಕಟ್ಟಿದ್ದಾಗ ನೀರೊಳಗೆ ಒತ್ತಡ ಸರಿತೂಗದೆ ಕಿವಿಗೆ ಪೆಟ್ಟಾಗಬಹುದು. ಊರಿನಲ್ಲೇ ಇಎನ್‌ಟಿ ಡಾಕ್ಟರ್ ಹತ್ತಿರ ತೋರಿಸಿ ಸಹಿ ಮಾಡಿಸಿಕೊಂಡು ಹೊರಟೆವು. ಬೀಚಿಗೆ ಹೋದ ಮೇಲೆ, ಮಗು ಮುಖ ಸಪ್ಪೆ ಮಾಡಿಕೊಂಡು ನಿಂತಾಗ, 'ನೋ' ಹಾಕುವ ಮನಸ್ಸಾಗುತ್ತದೆ. ದಯವಿಟ್ಟು ಈ ಕೆಲಸ ಊರಿನಲ್ಲೇ ಮುಗಿಸಿ.

ಮೂರನೆಯವರು ನನಗಿಂತ ಜಾಸ್ತಿ ಪ್ರಶ್ನೆ ಕೇಳಿದರು. ವಯಸ್ಸೆಷ್ಟು, ಯಾವ ಸಂಸ್ಥೆಯ ಕಾರ್ಡ್, ಕೊನೆಯ ಡೈವ್ ಯಾವಾಗ, ಎಷ್ಟು ಆಳಕ್ಕೆ ಹೋಗಿದ್ದಳು, ಎತ್ತರ ತೂಕ ಎಷ್ಟು. ಹತ್ತು ತಿಂಗಳಾಯಿತು ಅಂದಿದ್ದಕ್ಕೆ, "ಹಾಗಾದರೆ ಮೊದಲ ದಿನ ಪೂಲ್, ಅಲ್ಲಿ ಸರಿ ಹೋದರೆ ಮಾತ್ರ ಸಮುದ್ರ" ಅಂದರು. ಒಂದು ದಿನ ಹೋಯಿತು, ದುಡ್ಡೂ ಜಾಸ್ತಿ ಅಂತ ಆಗ ಬೇಜಾರಾಗಿತ್ತು. ಆದರೂ ಅವರನ್ನೇ ಆರಿಸಿದೆ. ಇಲ್ಲ ಅನ್ನಲು ಬರುವವರು ಅವರೊಬ್ಬರೇ ಅನ್ನಿಸಿತು.

ಪೂಲಿನಲ್ಲಿ ನೋಡಿದ್ದನ್ನು ಹೇಳುತ್ತೇನೆ. ಮಾಸ್ಕಿಗೆ ಅರ್ಧ ನೀರು ಬಿಟ್ಟುಕೊಂಡು, ಮೂಗಿನಿಂದ ಗಾಳಿ ಊದಿ ಖಾಲಿ ಮಾಡಬೇಕಿತ್ತು. ಜನವರಿಯಲ್ಲಿ ಇದನ್ನು ಸಲೀಸಾಗಿ ಮಾಡುತ್ತಿದ್ದಳು. ಈಗ ಮೂಗಿಗೆ ನೀರು ಹೋದ ತಕ್ಷಣ ಗಾಬರಿಯಾಗಿ ಎದ್ದು ನಿಂತುಬಿಟ್ಟಳು. ಪೂಲ್ ಆದ್ದರಿಂದ ನೀರು ಎದೆಮಟ್ಟ. ಗೈಡ್ ಬೈಯಲಿಲ್ಲ, ಅವಸರ ಮಾಡಲಿಲ್ಲ. ಪಕ್ಕದಲ್ಲಿ ಮಂಡಿಯೂರಿ ಕೂತು ತಾನೇ ಮಾಡಿ ತೋರಿಸಿದ. ನಾಲ್ಕನೇ ಸಲಕ್ಕೆ ಸರಿಯಾಯಿತು. ಅದೇ ಗಾಬರಿ 12 ಮೀಟರ್ ಕೆಳಗೆ ಆಗಿದ್ದರೆ? ಉಸಿರು ಬಿಗಿಹಿಡಿದು ಮೇಲಕ್ಕೆ ನುಗ್ಗಿದರೆ ಶ್ವಾಸಕೋಶಕ್ಕೇ ಅಪಾಯ. ಆರು ತಿಂಗಳಿಗಿಂತ ಹೆಚ್ಚು ಅಂತರ ಆಗಿದ್ದರೆ, ಶಾಪಿನವರು ಕೇಳದಿದ್ದರೂ ನೀವೇ ಕೇಳಿ ಹೀಗೆ ಪೂಲಿನಲ್ಲಿ ರಿಫ್ರೆಶರ್ ಮಾಡಿಸಿ.

ಅದೇ ದಿನ ಸಾಮಾನನ್ನೂ ನೋಡಿ. ಗಾಳಿ ತುಂಬುವ ಜಾಕೆಟ್ಟಿಗೆ ಬಿಸಿಡಿ ಅನ್ನುತ್ತಾರೆ. ಅಲ್ಲಿ ದೋಣಿ ಕೆಲಸಕ್ಕಿದ್ದ ಬಾಗಲಕೋಟೆ ಕಡೆಯ ಹುಡುಗ ನಾವು ಕನ್ನಡ ಮಾತಾಡುವುದು ಕೇಳಿ ಹತ್ತಿರ ಬಂದ. "ಅಕ್ಕಾರ, ಹುಡುಗಿಗೆ ಸಣ್ಣ ಸೈಜ್ ಹಾಕ್ರಿ. ದೊಡ್ಡದಾದ್ರ ನೀರಾಗ ಕಿವಿತನಕ ಏರ್ತೈತಿ ನೋಡ್ರಿ" ಅಂದ. ಸರಿಯಾದ ಮಾತು. ಮಕ್ಕಳ ಅಳತೆಯ ಜಾಕೆಟ್, ಚಿಕ್ಕ ಮುಖಕ್ಕೆ ಕೂರುವ ಮಾಸ್ಕ್ ಇಲ್ಲದ ಕಡೆ ಮಗುವನ್ನು ಇಳಿಸಬೇಡಿ. ಇನ್ನೊಂದು ಪರೀಕ್ಷೆಯನ್ನು ಮಗಳೇ ನನಗೆ ಕಲಿಸಿದಳು. ಸಿಲಿಂಡರಿನ ಗಾಳಿ ತೋರಿಸುವ ಪ್ರೆಶರ್ ಗೇಜ್ ನೋಡುತ್ತಾ, ಬಾಯಲ್ಲಿಟ್ಟು ಉಸಿರಾಡುವ ರೆಗ್ಯುಲೇಟರಿನಿಂದ ನಾಲ್ಕು ಉಸಿರು ಎಳೆಯಬೇಕು. ಮುಳ್ಳು ಅಲುಗಾಡದೆ 200 ಬಾರ್ (ಗಾಳಿಯ ಒತ್ತಡದ ಅಳತೆ) ಹತ್ತಿರ ನಿಲ್ಲಬೇಕು. ಪ್ರತಿ ಉಸಿರಿಗೂ ಮುಳ್ಳು ಕೆಳಗೆ ಬಿದ್ದು ಮೇಲೇಳುತ್ತಿದ್ದರೆ ವಾಲ್ವ್ ಪೂರ್ತಿ ತೆರೆದಿಲ್ಲ ಅಂತ ಅರ್ಥ. ಗಾಳಿಗೆ ಎಣ್ಣೆ ವಾಸನೆ, ರುಚಿ ಏನೂ ಇರಬಾರದು. ದೋಣಿಯಲ್ಲಿ ಆಕ್ಸಿಜನ್ ಕಿಟ್ ಇದೆಯಾ ಅಂತ ಕೇಳಿ. ಇದೆ ಅಂದರೆ ತೋರಿಸಿ ಅನ್ನಿ. ನಮಗೆ ಪೆಟ್ಟಿಗೆ ತೆಗೆದು ತೋರಿಸಿದರು.

ಗ್ರ್ಯಾಂಡ್ ಐಲ್ಯಾಂಡ್ ವಾಸ್ಕೋ ಕಡೆಗೇ ಹತ್ತಿರ, ಬೊಗ್ಮಾಳೋ ಬೀಚಿನಲ್ಲಿ ನಿಂತರೆ ಎದುರಿಗೇ ಕಾಣುತ್ತದೆ. ಕಲಂಗುಟ್ ಕಡೆ ಉಳಿದುಕೊಂಡು ಅಲ್ಲಿಂದ ದೋಣಿ ಹತ್ತಿದರೆ ದೂರ ಜಾಸ್ತಿ, ಅಲೆಗೆ ಹೊಟ್ಟೆ ತೊಳಸುವುದೂ ಜಾಸ್ತಿ. ಮಳೆಗಾಲದಲ್ಲಿ ಡೈವಿಂಗ್ ಇರುವುದಿಲ್ಲ.

ನೇತ್ರಾಣಿಯ ತಿಳಿನೀರು ನೋಡಿ ಬಂದ ಮಕ್ಕಳಿಗೆ ಒಂದು ಮಾತು ಮೊದಲೇ ಹೇಳಿಡಿ: ಗೋವಾದ ನೀರು ಮಬ್ಬು. ನಾವು ಹೋದ ದಿನ 3-4 ಮೀಟರ್ ಆಚೆ ಏನೂ ಕಾಣುತ್ತಿರಲಿಲ್ಲವಂತೆ. ಇಂಥ ನೀರಿನಲ್ಲಿ ಒಬ್ಬ ಗೈಡಿಗೆ ಐದಾರು ಜನ ಅಂದರೆ ನನ್ನ ಮಟ್ಟಿಗೆ ಆಗದ ಮಾತು. ನಮ್ಮ ಗೈಡಿನ ಜೊತೆ ಇದ್ದದ್ದು ಮಗಳೊಬ್ಬಳೇ. ಮೊದಲ ಡೈವ್ ಶೆಲ್ಟರ್ ಕೋವ್‌ನಲ್ಲಿ ಆಯಿತು, ಅಲ್ಲಿ ಅಲೆ ಕಡಿಮೆ. ಎರಡನೆಯದು ಮುಳುಗಿದ ಹಡಗಿರುವ ಸುಝೀಸ್ ರೆಕ್. ಹಡಗಿನ ಒಳಗೆ ತಲೆ ಹಾಕುವಂತಿಲ್ಲ, ಹೊರಗಿನಿಂದ ಮಾತ್ರ ಅಂತ ದೋಣಿಯಲ್ಲೇ ಮಗಳ ಬಾಯಲ್ಲಿ ಹೇಳಿಸಿದರು. ಹೆಬ್ಬೆರಳು ಮೇಲೆ ಮಾಡಿದರೆ ಡೈವ್ ಮುಗಿಯಿತು, ಯಾಕೆ ಅಂತ ನೀರೊಳಗೆ ಯಾರೂ ಕೇಳಬಾರದು ಅಂತಲೂ ಹೇಳಿದರು. ಅದನ್ನು ಕೇಳಿ ನನಗೆ ಎಷ್ಟೋ ಸಮಾಧಾನ ಆಯಿತು.

ಎರಡನೇ ಡೈವ್‌ನಲ್ಲಿ ಮಗಳು ನಿಜವಾಗಿ ಹೆಬ್ಬೆರಳು ಎತ್ತಿದಳು. ಚಳಿ ಆಗುತ್ತಿತ್ತಂತೆ. ಗೈಡ್ ಕೂಡಲೇ ತಿರುಗಿ, ಸುರಕ್ಷತೆಗೆ ಅಂತ 5 ಮೀಟರಿನಲ್ಲಿ 3 ನಿಮಿಷ ನಿಲ್ಲಿಸಿ, ಮೇಲೆ ಕರೆತಂದ. ಗೇಜಿನಲ್ಲಿ ಇನ್ನೂ 90 ಬಾರ್ ಗಾಳಿ ಇತ್ತು. "ಒಳ್ಳೆ ಕೆಲಸ ಮಾಡಿದೆ ಪುಟ್ಟಾ" ಅಂತ ನಾನು ಟವೆಲ್ ಹೊದಿಸಿದೆ.

ಕೊನೆಯದಾಗಿ ನಮ್ಮ ಕಡೆಯವರಿಗೇ ಅಂತ ಒಂದು ವಿಷಯ. ವಿಮಾನ ಹತ್ತುವ ಮೊದಲು ಕಾಯಬೇಕು ಅನ್ನುವುದು ಡೈವಿಂಗ್ ಕಲಿತ ಎಲ್ಲರಿಗೂ ಗೊತ್ತು. ಘಟ್ಟ ಹತ್ತುವುದೂ ಅದೇ ಲೆಕ್ಕ ಅನ್ನುವುದು ನನಗೆ ಹೊಳೆದೇ ಇರಲಿಲ್ಲ. ಡೈವ್ ಮಾಡಿದಾಗ ಮೈಯೊಳಗೆ ನೈಟ್ರೋಜನ್ ಸೇರಿಕೊಂಡಿರುತ್ತದೆ. ಬೇಗ ಎತ್ತರಕ್ಕೆ ಹೋದರೆ, ಗೋಲಿ ಸೋಡಾದ ಗೋಲಿ ಒತ್ತಿದ ಹಾಗೆ, ಅದು ಗುಳ್ಳೆಯಾಗಬಹುದು. ಡೈವಿಂಗ್ ಸುರಕ್ಷತೆಯ ಸಂಸ್ಥೆಯಾದ ಡೈವರ್ಸ್ ಅಲರ್ಟ್ ನೆಟ್‌ವರ್ಕ್‌ನವರ ಸಲಹೆ ಹೀಗಿದೆ: ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚಾದರೆ ಕನಿಷ್ಠ 18 ಗಂಟೆ ಕಾಯಬೇಕು. ಈ ಸಲಹೆ 2,000 ಅಡಿ, ಅಂದರೆ ಸುಮಾರು 600 ಮೀಟರ್ ಎತ್ತರದಿಂದಲೇ ಶುರು. ಬೆಳಗಾವಿ, ಧಾರವಾಡ ಎರಡೂ ಅದಕ್ಕಿಂತ ಮೇಲಿವೆ, ಬೆಂಗಳೂರಂತೂ 900 ಮೀಟರ್ ದಾಟುತ್ತದೆ. ನಮ್ಮದು ಭಾನುವಾರ ಡೈವ್ ಮಾಡಿ ಅವತ್ತೇ ಸಂಜೆ ಅನಮೋಡ ಘಾಟಿನಲ್ಲಿ ಧಾರವಾಡಕ್ಕೆ ಹೊರಡುವ ಪ್ಲಾನ್ ಇತ್ತು. ಬುಕಿಂಗ್ ಮಾಡುವಾಗ ಆ ಮೂರನೇ ಶಾಪಿನವರು, ವಾಪಸ್ ಹೇಗೆ ಹೋಗುತ್ತೀರಿ ಅಂತ ಕೇಳಿದ್ದರಿಂದ ಉಳಿದೆವು. ಪೂಲ್ ಶುಕ್ರವಾರ, ಡೈವ್ ಶನಿವಾರ ಇಟ್ಟುಕೊಂಡೆವು. ಭಾನುವಾರ ಮಧ್ಯಾಹ್ನ ಅಕ್ಕನ ಮನೆಯಲ್ಲಿ ಮೀನು ಸಾರು ಊಟ ಮಾಡಿ, ನಿಧಾನವಾಗಿ ಹೊರಟೆವು. ಲಾಗ್‌ಬುಕ್ಕಿನಲ್ಲಿ ಐದು, ಆರು ಅಂತ ನಂಬರ್ ಹಾಕಿ ಸೀಲ್ ಹಾಕಿಸಿಕೊಂಡಿದ್ದ ಮಗಳು ಅದನ್ನು ತೊಡೆಯ ಮೇಲೆ ಇಟ್ಟುಕೊಂಡೇ ಘಾಟಿನುದ್ದಕ್ಕೂ ನಿದ್ದೆ ಮಾಡಿದಳು.